ಸಿ.ಎ. ಸೊಸೆಗೆ ವರ್ಷಕ್ಕೆ 40 ಗಂಟೆ

"ಹುಡುಗಿ ಸಿ.ಎ. ಮಾಡಿದ್ದಾಳೆ" ಎಂಬ ಮಾತು ಈಗ ನಮ್ಮ ಮನೆಗಳ ಮದುವೆ ಮಾತುಕತೆಯಲ್ಲೂ ಕೇಳಿಬರುತ್ತಿದೆ. ಹೇಳುವವರ ದನಿಯಲ್ಲಿ ಹೆಮ್ಮೆ ಇರುತ್ತದೆ, ಕೇಳುವವರೂ ಮೆಚ್ಚಿ ತಲೆದೂಗುತ್ತಾರೆ. ಮಹ್ರ್ ಎಷ್ಟು, ನಿಕಾಹ್ ಯಾವ ತಿಂಗಳು, ಮದುವೆಯ ನಂತರ ಹುಡುಗಿ ಊರಲ್ಲಿರುತ್ತಾಳೋ ಗಲ್ಫಿಗೆ ಹೋಗುತ್ತಾಳೋ ಎಂಬುದೆಲ್ಲ ಚರ್ಚೆಯಾಗುತ್ತದೆ. ಆ ಪದವಿಯನ್ನು ಉಳಿಸಿಕೊಳ್ಳಲು ಅವಳಿಗೆ ಪ್ರತಿ ವರ್ಷ ಎಷ್ಟು ಸಮಯ ಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪದವಿಯನ್ನು ಉಳಿಸಿಕೊಳ್ಳಬೇಕಾಗುತ್ತದೆ ಎಂಬ ಸಂಗತಿಯೇ ಎಷ್ಟೋ ಮಂದಿಗೆ ತಿಳಿದಿಲ್ಲ.

ಬಿ.ಕಾಂ. ಪ್ರಮಾಣಪತ್ರವನ್ನು ಕಪಾಟಿನಲ್ಲಿಟ್ಟು ಇಪ್ಪತ್ತು ವರ್ಷ ಮರೆತರೂ ಅದು ಬಿ.ಕಾಂ. ಆಗಿಯೇ ಇರುತ್ತದೆ. ಸಿ.ಎ. ಹಾಗಲ್ಲ. ಪರೀಕ್ಷೆ ಪಾಸಾದದ್ದು ಯಾವತ್ತೂ ಅಳಿಸಿಹೋಗದು, ನಿಜ. ಆದರೆ ಹೆಸರಿನ ಮುಂದೆ ಸಿ.ಎ. ಎಂದು ಬರೆದುಕೊಳ್ಳುವ ಹಕ್ಕು ಬರುವುದು ಸದಸ್ಯತ್ವದಿಂದ. 1949ರ ಕಾಯ್ದೆಯಡಿ ಅದೇ ವರ್ಷದ ಜುಲೈ 1ರಂದು ಸ್ಥಾಪನೆಯಾದ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ, ಅಂದರೆ ಐ.ಸಿ.ಎ.ಐ., ಒಂದು ಸದಸ್ಯರ ಪಟ್ಟಿಯನ್ನು ಇಟ್ಟುಕೊಂಡಿದೆ. ಅದರಲ್ಲಿ ಹೆಸರಿದ್ದವರು ಮಾತ್ರ ಚಾರ್ಟರ್ಡ್ ಅಕೌಂಟೆಂಟ್. ವಾರ್ಷಿಕ ಶುಲ್ಕ ಏಪ್ರಿಲ್ 1ಕ್ಕೆ ಬಾಕಿಯಾಗುತ್ತದೆ. ಸೆಪ್ಟೆಂಬರ್ 30ರೊಳಗೆ ಕಟ್ಟದಿದ್ದರೆ ಅಕ್ಟೋಬರ್ 1ರಿಂದ ಹೆಸರು ಪಟ್ಟಿಯಿಂದ ಹೋಗುತ್ತದೆ. ಆ ಹೆಸರಲ್ಲಿ ಹುಡುಗಿಯ ಎಷ್ಟು ವರ್ಷಗಳ ನಿದ್ದೆಗೆಟ್ಟ ಓದು, ಅಪ್ಪನ ಎಷ್ಟು ಸಂಪಾದನೆ, ಆರ್ಟಿಕಲ್‌ಶಿಪ್ಪಿನ ಎಷ್ಟು ಬಸ್ ಪ್ರಯಾಣ ಸೇರಿದೆಯೆಂದು ಆ ಪಟ್ಟಿಗೆ ಗೊತ್ತಿರುವುದಿಲ್ಲ.

ಶುಲ್ಕದ ಜೊತೆಗಿರುವ ಇನ್ನೊಂದು ಕರ್ತವ್ಯವೇ ಸಿ.ಪಿ.ಇ., ಅಂದರೆ ನಿರಂತರ ವೃತ್ತಿ ಶಿಕ್ಷಣ. ವೃತ್ತಿಯಲ್ಲಿರುವವರು ಕಲಿಯುತ್ತಲೇ ಇರಬೇಕು, ಕಲಿತದ್ದಕ್ಕೆ ಗಂಟೆಯ ಲೆಕ್ಕ ಕೊಡಬೇಕು ಎಂಬುದು ಇದರ ತಿರುಳು. 2023ರಿಂದ 2025ರ ವರೆಗಿನ ಮೂರು ವರ್ಷಗಳ ಅವಧಿಗೆ ಸಂಸ್ಥೆ ವಿಧಿಸಿದ್ದ ಲೆಕ್ಕ ನೋಡಿ. ಸ್ವತಂತ್ರವಾಗಿ ಪ್ರಾಕ್ಟೀಸ್ ಮಾಡಲು ಪ್ರಮಾಣಪತ್ರ ಪಡೆದ, 60 ವರ್ಷದೊಳಗಿನ ಸದಸ್ಯರಿಗೆ ಒಟ್ಟು 120 ಗಂಟೆ. ಅದರಲ್ಲಿ 60 ಗಂಟೆ ಸಂಸ್ಥೆಯ ಶಾಖೆಗಳು ಏರ್ಪಡಿಸುವ ಸೆಮಿನಾರ್, ಕಾರ್ಯಾಗಾರಗಳಂತಹ ವ್ಯವಸ್ಥಿತ ಕಲಿಕೆಯೇ ಆಗಿರಬೇಕು, ವರ್ಷಕ್ಕೆ 20ರಂತೆ. ಉಳಿದದ್ದನ್ನು ಮನೆಯಲ್ಲೇ ಕುಳಿತು ಓದಿ, ಆನ್‌ಲೈನ್ ಪಾಠ ಕೇಳಿ, ಲೇಖನ ಬರೆದು ಅಥವಾ ಪಾಠ ಹೇಳಿ ಪೂರೈಸಬಹುದು. ಪ್ರಾಕ್ಟೀಸ್ ಪ್ರಮಾಣಪತ್ರ ಇಲ್ಲದೆ ಬರೀ ಸದಸ್ಯತ್ವ ಇಟ್ಟುಕೊಂಡವರಿಗೂ ವಿದೇಶದಲ್ಲಿರುವವರಿಗೂ ಇದರ ಅರ್ಧ, ಮೂರು ವರ್ಷಕ್ಕೆ 60 ಗಂಟೆ. ಅದು ಯಾವ ಬಗೆಯ ಕಲಿಕೆಯಾದರೂ ನಡೆಯುತ್ತದೆ. ಈ ನಿಯಮಗಳನ್ನು ಸಂಸ್ಥೆ ಆಗಾಗ ತಿದ್ದುವುದರಿಂದ ತಮ್ಮ ತಮ್ಮ ವರ್ಷದ ಲೆಕ್ಕವನ್ನು ಸಂಸ್ಥೆಯ ಪೋರ್ಟಲ್‌ನಲ್ಲೇ ನೋಡಿಕೊಳ್ಳಬೇಕು.

ಅಂಕಿ ಕೇಳಿ ಗಾಬರಿಯಾಗುವ ಅಗತ್ಯವಿಲ್ಲ. 120ನ್ನು ಮೂರರಿಂದ ಭಾಗಿಸಿದರೆ ವರ್ಷಕ್ಕೆ 40 ಗಂಟೆ, ವಾರಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು. ಬರೀ ಸದಸ್ಯೆಯಾಗಿ ಮನೆಯಲ್ಲಿರುವವಳಿಗೆ ವಾರಕ್ಕೆ ಅರ್ಧ ಗಂಟೆಯೂ ಬೇಡ. ಧಾರಾವಾಹಿಯ ಒಂದು ಕಂತಿಗೂ ಅಷ್ಟೇ ಹೊತ್ತು ಹಿಡಿಯುತ್ತದಲ್ಲ!

ಕಷ್ಟ ಇರುವುದು ಗಂಟೆಗಳ ಸಂಖ್ಯೆಯಲ್ಲಿ ಅಲ್ಲ, ಅವು ಯಾರ ಕೈಯಲ್ಲಿವೆ ಎಂಬುದರಲ್ಲಿ. ಸೆಮಿನಾರ್‌ಗಳು ಸಾಮಾನ್ಯವಾಗಿ ಶನಿವಾರವೋ ಕೆಲಸದ ದಿನ ಸಂಜೆಯೋ ನಡೆಯುತ್ತವೆ. ಸಂಜೆ ಐದೂವರೆಗೆ ಹೊರಟು ರಾತ್ರಿ ಎಂಟೂವರೆಗೆ ಬರುವ ಗಂಡಸಿನ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಅದೇ ಹೊತ್ತಿಗೆ ಮನೆಯ ಸೊಸೆ ಹೊರಟರೆ ಮಗುವಿಗೆ ಊಟ ಮಾಡಿಸುವವರು ಯಾರು, ಬಂದ ನೆಂಟರಿಗೆ ಚಹಾ ಮಾಡುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಬಾಯಿಬಿಟ್ಟು ಯಾರೂ ಬೇಡ ಎನ್ನದಿರಬಹುದು. ಒಂದೆರಡು ಸಲ ಅತ್ತೆಯ ಮುಖ ನೋಡಿದ ಮೇಲೆ ಅವಳೇ ಹೋಗುವುದನ್ನು ಬಿಡುತ್ತಾಳೆ. ಮೊದಲ ವರ್ಷ ಗಂಟೆಗಳು ಕಡಿಮೆಯಾಗುತ್ತವೆ. ಎರಡನೆಯ ವರ್ಷ ಲೆಕ್ಕ ಇಡುವುದೇ ನಿಲ್ಲುತ್ತದೆ. ಮೂರನೆಯ ವರ್ಷ "ಹೇಗೂ ಕೆಲಸಕ್ಕೆ ಹೋಗುತ್ತಿಲ್ಲವಲ್ಲ" ಎಂದು ಶುಲ್ಕವೂ ನಿಲ್ಲುತ್ತದೆ.

ಕೆಲಸಕ್ಕೇ ಹೋಗದವಳಿಗೆ ಇದೆಲ್ಲ ಏಕೆ ಎಂದು ಕೇಳುವ ಹಿರಿಯರಿದ್ದಾರೆ. ಅವರ ಪ್ರಶ್ನೆಯನ್ನು ತಳ್ಳಿಹಾಕದೆ ಉತ್ತರಿಸಬೇಕು. ಸೌದಿಯಲ್ಲಿ ನಿತಾಖಾತ್ ನಿಯಮ ಬಂದ ವರ್ಷಗಳನ್ನೂ 2020ರ ಕೋವಿಡ್ ಕಾಲವನ್ನೂ ಕರಾವಳಿಯ ಮನೆಗಳು ಮರೆತಿಲ್ಲ. ಒಂದು ಪೆಟ್ಟಿಗೆ ಹಿಡಿದು ವಿಮಾನ ಇಳಿದ ಗಂಡಸರ ಮನೆಯಲ್ಲಿ ಎರಡನೆಯ ಸಂಪಾದನೆ ಇತ್ತೋ ಇಲ್ಲವೋ ಎಂಬುದು ಆಗ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಗಿತ್ತು. ಪತಿ ಹಾಸಿಗೆ ಹಿಡಿದಾಗ, ಅಕಾಲದಲ್ಲಿ ತೀರಿಕೊಂಡಾಗ ಎದುರಾಗುವ ಪ್ರಶ್ನೆಯೂ ಅದೇ. ಹೆಸರು ಪಟ್ಟಿಯಲ್ಲಿರುವ ಹೆಣ್ಣುಮಗಳು ಮರುದಿನವೇ ಕೆಲಸಕ್ಕೆ ಅರ್ಜಿ ಹಾಕಬಲ್ಲಳು. ಹೆಸರು ತೆಗೆದುಹೋದವಳು ಬಾಕಿ ಶುಲ್ಕ ಕಟ್ಟಿ, ಮರುಸೇರ್ಪಡೆಯ ಅರ್ಜಿ ಕೊಟ್ಟು ಕಾಯಬೇಕು. ಅದಾದರೂ ಸಾಧ್ಯವಿರುವ ಮಾತು. ಕಾಗದಪತ್ರ ಸರಿಯಾದರೂ ಸುಲಭದಲ್ಲಿ ಮರಳಿ ಬಾರದಿರುವುದು ಆತ್ಮವಿಶ್ವಾಸ.

ಅದಕ್ಕೆ ಕಾರಣವಿದೆ. 2016ರಲ್ಲಿ ಹೆರಿಗೆಗೆಂದು ಕೆಲಸ ಬಿಟ್ಟ ಒಬ್ಬ ಸಿ.ಎ. ಸಹೋದರಿ ಹತ್ತು ವರ್ಷ ಏನನ್ನೂ ಓದದೆ ಮರಳುತ್ತಾಳೆ ಎಂದಿಟ್ಟುಕೊಳ್ಳಿ. ಅವಳು ಬಲ್ಲ ವ್ಯಾಟ್, ಕೇಂದ್ರ ಅಬಕಾರಿ ಸುಂಕ, ಸೇವಾ ತೆರಿಗೆಗಳ ಲೋಕ 2017ರ ಜುಲೈ 1ರಂದು ಜಿ.ಎಸ್.ಟಿ. ಬರುವುದರೊಂದಿಗೆ ಬಹುಪಾಲು ಮುಗಿದುಹೋಯಿತು. ಆ ಜಿ.ಎಸ್.ಟಿ.ಯ ದರಗಳೂ 2025ರ ಸೆಪ್ಟೆಂಬರ್ 22ರಂದು ಬದಲಾಗಿ, ಶೇ. 12 ಮತ್ತು ಶೇ. 28ರ ಹಂತಗಳಲ್ಲಿದ್ದ ಬಹುತೇಕ ವಸ್ತುಗಳು ಶೇ. 5 ಮತ್ತು ಶೇ. 18ಕ್ಕೆ ಬಂದವು. 2019ರಿಂದ ಸಿ.ಎ. ಸಹಿ ಹಾಕುವ ದಾಖಲೆಗಳಿಗೆ ಯು.ಡಿ.ಐ.ಎನ್. ಎಂಬ 18 ಅಂಕಿ-ಅಕ್ಷರಗಳ ಗುರುತು ಕಡ್ಡಾಯವಾಗಿದೆ. 2020ರಲ್ಲಿ ಆದಾಯ ತೆರಿಗೆ ಇಲಾಖೆ ಅಧಿಕಾರಿಯ ಮುಖ ನೋಡದೆಯೇ ನಡೆಯುವ ತೆರಿಗೆ ನಿರ್ಧಾರಣೆಯನ್ನು ಜಾರಿಗೆ ತಂದಿತು. ಎಲ್ಲಕ್ಕಿಂತ ಮಿಗಿಲಾಗಿ, ಅವಳು ಸೆಕ್ಷನ್ ಸೆಕ್ಷನ್ ಬಾಯಿಪಾಠ ಮಾಡಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರ ಹೊಸ ಕಾಯ್ದೆ ರಚನೆಯಾಯಿತು. ಅದರಲ್ಲಿ 536 ಸೆಕ್ಷನ್‌ಗಳು. ಹಿಂದಿನ ವರ್ಷ, ಕರನಿರ್ಧಾರಣಾ ವರ್ಷ ಎಂದು ತಲೆಕೆಡಿಸುತ್ತಿದ್ದ ಜೋಡಿಯೇ ಇಲ್ಲ, ತೆರಿಗೆ ವರ್ಷ ಎಂಬ ಒಂದೇ ಪದ. ಹಳೆಯ ಸೆಕ್ಷನ್ ಸಂಖ್ಯೆಗಳು ಗಂಟಲಲ್ಲೇ ಉಳಿದಿರುವವಳು ಸಂದರ್ಶನದಲ್ಲಿ ಏನು ಹೇಳಬೇಕು? ವಾರಕ್ಕೆ ಅರ್ಧ ಗಂಟೆಯ ಓದು ಇದ್ದಿದ್ದರೆ ಈ ಒಂದೊಂದು ಬದಲಾವಣೆಯೂ ಬಂದಾಗಲೇ ಅವಳ ಪರಿಚಯಕ್ಕೆ ಬಂದುಬಿಡುತ್ತಿತ್ತು.

ಗಲ್ಫಿನಲ್ಲಿರುವ ನಮ್ಮ ಸಹೋದರಿಯರ ಕಥೆಯೂ ಬೇರೆಯಲ್ಲ. 2015ರಲ್ಲಿ ಶಾರ್ಜಾದ ಅಂಗಡಿಯೊಂದರ ಲೆಕ್ಕ ಬರೆದವರಿಗೆ ವ್ಯಾಟ್ ಎಂಬುದೇ ಬೇಕಿರಲಿಲ್ಲ. 2018ರ ಜನವರಿ 1ರಂದು ಯು.ಎ.ಇ. ಮತ್ತು ಸೌದಿ ಅರೇಬಿಯಾ ಎರಡರಲ್ಲೂ ಶೇ. 5ರ ವ್ಯಾಟ್ ಬಂತು. ಸೌದಿ ಅದನ್ನು 2020ರ ಜುಲೈಯಲ್ಲಿ ಶೇ. 15ಕ್ಕೆ ಏರಿಸಿತು. ಬಹ್ರೈನ್ 2019ರಲ್ಲಿ, ಒಮಾನ್ 2021ರಲ್ಲಿ ಅದೇ ದಾರಿ ಹಿಡಿದವು. 2023ರ ಜೂನ್ 1ರಂದು ಅಥವಾ ನಂತರ ಆರಂಭವಾಗುವ ಲೆಕ್ಕವರ್ಷಗಳಿಂದ ಯು.ಎ.ಇ.ಯಲ್ಲಿ 3,75,000 ದಿರ್ಹಂ ಮೀರಿದ ಲಾಭಕ್ಕೆ ಶೇ. 9ರ ಕಂಪೆನಿ ತೆರಿಗೆಯೂ ಇದೆ. ತೆರಿಗೆಯಿಲ್ಲದ ನಾಡು ಎಂದು ನಂಬಿ ಹೋದವರು ಈಗ ಅಲ್ಲಿಯೂ ಪುಸ್ತಕ ತೆರೆಯಬೇಕಾಗಿದೆ. ದುಬೈ, ಅಬುಧಾಬಿ, ದೋಹಾ, ಮಸ್ಕತ್‌ಗಳಲ್ಲಿ ಐ.ಸಿ.ಎ.ಐ.ಯ ಘಟಕಗಳಿವೆ. ಊರಲ್ಲಿರುವವರಿಗೆ ಮಂಗಳೂರು, ಉಡುಪಿ, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿಗಳಲ್ಲಿ ಶಾಖೆಗಳಿವೆ.

ಇತ್ತೀಚೆಗೆ ಹೆಣ್ಣುಮಕ್ಕಳು ವಿದೇಶಿ ಸಂಸ್ಥೆಗಳ ಪರೀಕ್ಷೆಗಳನ್ನೂ ಬರೆಯುತ್ತಿದ್ದಾರೆ. ಇಂಗ್ಲೆಂಡ್ ಮೂಲದ ಎ.ಸಿ.ಸಿ.ಎ. ಸದಸ್ಯರಿಗೆ ವರ್ಷಕ್ಕೆ 40 ಯೂನಿಟ್. ಒಂದು ಗಂಟೆಯ ಕಲಿಕೆ ಒಂದು ಯೂನಿಟ್. ಅದರಲ್ಲಿ 21 ಯೂನಿಟ್‌ಗಳಿಗೆ ಪುರಾವೆ ಇರಬೇಕು, ಉಳಿದ 19 ಸಾಮಾನ್ಯ ಓದಿನಿಂದ ಬಂದರೂ ಸಾಕು. ಪುರಾವೆ ಎಂದರೆ ದೊಡ್ಡ ಸೆಮಿನಾರೇ ಆಗಬೇಕೆಂದಿಲ್ಲ. ಈ ಕಲಿಕೆ ನನ್ನ ವೃತ್ತಿಗೆ ಸಂಬಂಧಿಸಿದ್ದೇ, ಇದನ್ನು ಎಲ್ಲಿ ಬಳಸುತ್ತೇನೆ, ಕಲಿತದ್ದಕ್ಕೆ ದಾಖಲೆ ಇದೆಯೇ ಎಂಬ ಮೂರು ಪ್ರಶ್ನೆಗೆ ಉತ್ತರವಿದ್ದರೆ ಆಯಿತು. ಅರೆಕಾಲಿಕವಾಗಿ ದುಡಿಯುವವರಿಗೆ ಸಡಿಲವಾದ ಬೇರೆ ದಾರಿಯನ್ನೂ ಅದು ಇಟ್ಟಿದೆ. ಅಮೆರಿಕದ ಸಿ.ಎಂ.ಎ. ಪ್ರಮಾಣಪತ್ರಕ್ಕೆ ವರ್ಷಕ್ಕೆ 30 ಗಂಟೆ, ಅದರಲ್ಲಿ 2 ಗಂಟೆ ವೃತ್ತಿ ನೈತಿಕತೆಯ ಪಾಠ. ಲೆಕ್ಕ ಬರೆಯುವವರಿಗೆ ಪ್ರಾಮಾಣಿಕತೆಯ ಪಾಠ ಪ್ರತಿ ವರ್ಷ ಹೊಸದಾಗಿ ಆಗಬೇಕು ಎಂದು ಹೇಳಿರುವುದು ನನಗಂತೂ ಬಹಳ ಇಷ್ಟವಾಯಿತು.

ಮನೆಯಲ್ಲೇ ಕುಳಿತು ಮ್ಯೂಚುವಲ್ ಫಂಡ್ ವಿತರಣೆ ಮಾಡುವ ಮಹಿಳೆಯರೂ ಇದ್ದಾರೆ. ಅವರಿಗೆ ಬೇಕಾದ ಎನ್.ಐ.ಎಸ್.ಎಂ. ಪ್ರಮಾಣಪತ್ರದ ಆಯುಷ್ಯ ಮೂರೇ ವರ್ಷ. ಅವಧಿ ಮುಗಿಯುವ ಮೊದಲೇ ಸಿ.ಪಿ.ಇ. ತರಗತಿಗೆ ಹಾಜರಾದರೆ ಅದು ಮುಂದುವರಿಯುತ್ತದೆ. ದಿನಾಂಕ ದಾಟಿದರೆ ಮತ್ತೆ ಪರೀಕ್ಷೆ ಬರೆಯಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರಿನ ತಾರೀಕು ಬರೆದಿಡುವಂತೆ ಇದನ್ನೂ ಬರೆದಿಟ್ಟುಕೊಳ್ಳಬೇಕು.

ಈ ಗಂಟೆಗಳ ವ್ಯವಸ್ಥೆಯಲ್ಲಿ ಹುಳುಕಿಲ್ಲ ಎಂದಲ್ಲ. ಹಾಜರಿ ಹಾಕಿ, ಹಿಂದಿನ ಸಾಲಿನಲ್ಲಿ ಕುಳಿತು ಮೊಬೈಲ್ ನೋಡಿ, ಊಟ ಮುಗಿಸಿ ಮನೆಗೆ ಹೋದವರಿಗೂ ಗಂಟೆ ಸಿಗುತ್ತದೆ. ಮನೆಯಲ್ಲಿ ರಾತ್ರಿ ಕುಳಿತು ಹೊಸ ಕಾಯ್ದೆಯನ್ನು ಗೆರೆ ಹಾಕಿ ಓದಿದವಳ ಗಂಟೆಗೂ ಅವರ ಗಂಟೆಗೂ ತೂಕ ಒಂದೇ. ಆದರೂ ವ್ಯವಸ್ಥೆಯ ಲಾಭ ನಿಜವಾಗಿ ಆಗುವುದು ಮನೆಯಲ್ಲಿರುವವಳಿಗೇ. ಕಚೇರಿಗೆ ಹೋಗುವವರಿಗೆ ಹೊಸ ಸುದ್ದಿ ಮೇಜಿನ ಮೇಲೇ ಬಂದು ಬೀಳುತ್ತದೆ. ಮನೆಯಲ್ಲಿರುವವಳಿಗೆ ವೃತ್ತಿಯೊಂದಿಗೆ ಉಳಿದಿರುವ ನಂಟು ಅನೇಕ ಸಲ ಈ ಪಾಠಗಳು ಮಾತ್ರ.

ನಿಯಮಗಳಲ್ಲಿ ಹೆಣ್ಣಿಗೆ ಅನುಕೂಲವಾದ ಅಂಶಗಳೂ ಇವೆ, ಅವು ಹೆಚ್ಚು ಪ್ರಚಾರ ಪಡೆದಿಲ್ಲ. ಗರ್ಭಿಣಿಯಾದ ಸದಸ್ಯೆಗೆ ಒಂದು ಕ್ಯಾಲೆಂಡರ್ ವರ್ಷದ ಗಂಟೆಗಳಿಂದ ಐ.ಸಿ.ಎ.ಐ. ವಿನಾಯಿತಿ ಕೊಡುತ್ತದೆ. ಕೇಳಿ ಪಡೆದುಕೊಳ್ಳಬೇಕು, ಅಷ್ಟೆ. ದೀರ್ಘ ಕಾಯಿಲೆಯವರಿಗೂ ಅವಕಾಶವಿದೆ. ಮೊದಲ ಸಲ ಸದಸ್ಯತ್ವ ಪಡೆದ ವರ್ಷ ಗಂಟೆಗಳ ಹೊರೆಯೇ ಇಲ್ಲ. ಕೆಲವು ವರ್ಷ ಪ್ರಾಕ್ಟೀಸ್ ಮಾಡಲಾಗದು ಎಂದು ಖಚಿತವಾದರೆ ಪ್ರಾಕ್ಟೀಸ್ ಪ್ರಮಾಣಪತ್ರವನ್ನು ಮಾತ್ರ ಒಪ್ಪಿಸಿ ಸದಸ್ಯತ್ವ ಉಳಿಸಿಕೊಳ್ಳಬಹುದು. ಶುಲ್ಕವೂ ಗಂಟೆಯೂ ಕಡಿಮೆಯಾಗುತ್ತವೆ. ಪೂರ್ತಿ ಬಿಟ್ಟುಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಸಂಸ್ಥೆಯ ಡಿಜಿಟಲ್ ಲರ್ನಿಂಗ್ ಹಬ್‌ನಲ್ಲಿ ಪಾಠಗಳಿವೆ. ಮಗು ಮಲಗಿದ ಮೇಲೆ ಕೇಳಬಹುದು, ಅರ್ಧಕ್ಕೆ ಎದ್ದರೆ ನಿಲ್ಲಿಸಬಹುದು. ಸ್ವಂತ ಓದಿನ ಗಂಟೆಗಳನ್ನು ಪೋರ್ಟಲ್‌ನಲ್ಲಿ ತಾವೇ ಘೋಷಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಮರೆಯಬಾರದು. ಓದಿಯೂ ನಮೂದಿಸದವರ ಖಾತೆಯಲ್ಲಿ ಸೊನ್ನೆಯೇ ಇರುತ್ತದೆ.

ಭಾರತದ ಮೊದಲ ಮಹಿಳಾ ಚಾರ್ಟರ್ಡ್ ಅಕೌಂಟೆಂಟ್ ಎನಿಸಿದ ಮದ್ರಾಸಿನ ಆರ್. ಶಿವಭೋಗಂ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ ಬಂದವರು. ಅವರ ಕಾಲದಲ್ಲಿ ಹೆಣ್ಣಿಗೆ ಈ ವೃತ್ತಿಯ ಬಾಗಿಲೇ ಅಪರಿಚಿತವಾಗಿತ್ತು. ಇಂದು ಬಾಗಿಲು ತೆರೆದಿದೆ, ಒಳಗೆ ಹೋದ ನಮ್ಮ ಹೆಣ್ಣುಮಕ್ಕಳೂ ಇದ್ದಾರೆ. ಹೋದವರು ಅಲ್ಲಿ ಉಳಿಯಲು ಸಂಸ್ಥೆಗಿಂತ ಹೆಚ್ಚಾಗಿ ಮನೆಯವರ ಒಪ್ಪಿಗೆ ಬೇಕಾಗಿದೆ. ವರ್ಷದಲ್ಲಿ ಏಳೆಂಟು ಶನಿವಾರ ಮಗುವನ್ನು ಅಜ್ಜ-ಅಜ್ಜಿ ನೋಡಿಕೊಂಡರೆ, ಅಥವಾ ಪತಿ ಆ ದಿನ ಮನೆಯಲ್ಲಿ ಉಳಿದರೆ, ಕಷ್ಟದ ಭಾಗವೇ ಮುಗಿಯಿತು. ಇದನ್ನು ಮದುವೆಯ ಮಾತುಕತೆಯಲ್ಲೇ ಹುಡುಗಿಯ ಕಡೆಯವರು ಸಂಕೋಚವಿಲ್ಲದೆ ಹೇಳಿಬಿಡುವುದು ಒಳ್ಳೆಯದು. ವರ್ಷಕ್ಕೆ 40 ಗಂಟೆ ಎಂದು ಅಂಕಿಯಲ್ಲೇ ಹೇಳಿದರೆ ಯಾವ ಅತ್ತೆಯೂ ಹೆದರಲಾರಳು. "ಓದು ಮುಂದುವರಿಸಲು ಬಿಡಬೇಕು" ಎಂಬ ಅಂದಾಜಿನ ಮಾತೇ ಹೆಚ್ಚು ಹೆದರಿಸುವುದು.

ಇನ್ನೊಂದು ಸಣ್ಣ ವಿಷಯ. ಮದುವೆಯಾದ ಮೇಲೆ ಪಾಸ್‌ಪೋರ್ಟು, ಆಧಾರ್, ಬ್ಯಾಂಕ್ ಖಾತೆ ಎಲ್ಲದರಲ್ಲೂ ವಿಳಾಸ ಬದಲಿಸಲು ಓಡಾಡುತ್ತೇವೆ. ಸಂಸ್ಥೆಯ ದಾಖಲೆಯಲ್ಲಿ ಮಾತ್ರ ತವರಿನ ವಿಳಾಸ, ಕಾಲೇಜು ದಿನಗಳ ಇ-ಮೇಲ್, ಎಂದೋ ಬಿಟ್ಟ ಮೊಬೈಲ್ ನಂಬರ್ ಹಾಗೆಯೇ ಉಳಿದುಬಿಡುತ್ತವೆ. ಶುಲ್ಕದ ನೆನಪೋಲೆಯೂ ಗಂಟೆ ಬಾಕಿಯ ಸೂಚನೆಯೂ ಅಲ್ಲಿಗೇ ಹೋಗುತ್ತವೆ. ತವರಿನಲ್ಲಿ ಅಬ್ಬ ಅದನ್ನು ತೆಗೆದು, ಮಗಳು ಮುಂದಿನ ಪೆರ್ನಾಲಿಗೆ ಬಂದಾಗ ಕೊಡೋಣವೆಂದು ಕಪಾಟಿನಲ್ಲಿ ಜೋಪಾನವಾಗಿ ಇಡುತ್ತಾರೆ. ಅಷ್ಟರಲ್ಲಿ ಸೆಪ್ಟೆಂಬರ್ 30 ಕಳೆದಿರುತ್ತದೆ.