ಮೊದಲಿನ ಹಾಡೇ ಚಲೋ ಇತ್ತು!

ದೀಪಾವಳಿ ರಜೆಯಲ್ಲಿ ಮಾದನಹಿಪ್ಪರಗಾದ ನೆಂಟರ ಮನೆಗೆ ಹೋಗಿದ್ದೆ. ಆಳಂದ ತಾಲ್ಲೂಕಿನ ಈ ಊರು ಮಹಾರಾಷ್ಟ್ರದ ಗಡಿಗೆ ಹತ್ತಿರ. ಅಕ್ಕಲಕೋಟ, ಸೊಲ್ಲಾಪುರ ಎಂದರೆ ಇಲ್ಲಿಯವರಿಗೆ ಪರಸ್ಥಳವಲ್ಲ. ಸಂತೆ, ದವಾಖಾನೆ, ಬೀಗತನ ಎಲ್ಲಕ್ಕೂ ಆ ಕಡೆ ಓಡಾಟ ಇದ್ದೇ ಇದೆ. ಪಡಸಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿ ಮೊಬೈಲನ್ನು ಬೋರಲು ಹಾಕಿ, ಮುಖ ಊದಿಸಿಕೊಂಡು ಕುಳಿತಿದ್ದಳು.

"ಯಾಕವಾ, ಮಾರಿ ಸಣ್ಣದು ಮಾಡಿದಿ?" ಎಂದು ಅವಳ ಮುತ್ಯಾ ಕೇಳಿದರು. ಎಂಬತ್ತು ದಾಟಿದ ಹಿರಿಯರು, ಕಿವಿ ಮಾತ್ರ ಇನ್ನೂ ಚುರುಕು.

ಅವಳ ದುಃಖ ಇಷ್ಟು: ಅವಳು ಪ್ರಾಣದಂತೆ ಮೆಚ್ಚಿದ ಹಾಡಿನ ತಂಡವೊಂದು ಹೊಸ ಆಲ್ಬಮ್ ತಂದಿದೆ. ಅದು ಅಂದುಕೊಂಡಷ್ಟು ಮಾರಾಟವಾಗಿಲ್ಲ. ಗೆಳತಿಯರಲ್ಲಿ ಈಗ ಎರಡು ಪಕ್ಷ. ಮೊದಲಿನಂತೆಯೇ ಹಾಡಬೇಕಿತ್ತು ಎನ್ನುವವರು ಕೆಲವರು. ಹೊಸದು ಮಾಡದಿದ್ದರೆ ಯಾರು ಕೇಳುತ್ತಾರೆ ಎನ್ನುವವರು ಇನ್ನು ಕೆಲವರು. ಜೀವದ ಗೆಳತಿಯ ಜೊತೆ ಇದೇ ಮಾತಿಗೆ ಜಗಳವಾಗಿ, ಎರಡು ದಿನದಿಂದ ಮಾತೇ ಇಲ್ಲ.

ಮುತ್ಯಾ ಬೊಚ್ಚು ಬಾಯಿ ತೆರೆದು ನಕ್ಕರು. "ಇದಕ್ಕ ಇಷ್ಟ್ಯಾಕ ಅಳತಿ? ನಮ್ಮಪ್ಪ ಸೊಲ್ಲಾಪುರದ ಮಿಲ್ಲಿನ್ಯಾಗ ಇದ್ದಾಗ, ಬಾಲಗಂಧರ್ವನ ಸಲುವಾಗಿ ತನ್ನ ಜೋಡಿದಾರನ ಕೂಡ ಆರು ತಿಂಗಳ ಮಾತು ಬಿಟ್ಟಿದ್ದ!"

"ಯಾರ ಮುತ್ಯಾ ಅವ? ಯಾವ ಬ್ಯಾಂಡಿನ್ಯಾಗ ಇದ್ದ?"

ಪ್ರಶ್ನೆ ಕೇಳಿ ನಮಗೆಲ್ಲ ನಗು ಬಂತು. ಆದರೆ ಯೋಚಿಸಿದರೆ ಹುಡುಗಿ ಕೇಳಿದ್ದರಲ್ಲಿ ತಪ್ಪೇನಿಲ್ಲ. ಆ ಕಾಲದ ನಾಟಕ ಕಂಪನಿ ಎಂದರೆ ಇಂದಿನ ಬ್ಯಾಂಡೇ. ಊರೂರು ತಿರುಗಿ ಹಾಡುವುದು, ಟಿಕೇಟು ಮಾರುವುದು, ಹಾಡಿನ ಪ್ಲೇಟುಗಳನ್ನು ಮನೆಮನೆಗೆ ಮುಟ್ಟಿಸುವುದು, ಉಡುಗೆ ತೊಡುಗೆಯಲ್ಲಿ ಜನರಿಗೆ ಹುಚ್ಚು ಹಿಡಿಸುವುದು, ಎಲ್ಲವೂ ಇತ್ತು. ಅಭಿಮಾನಿಗಳ ಬಡಿದಾಟವೂ ಇತ್ತು.

ಬಾಲಗಂಧರ್ವರ ನಿಜ ಹೆಸರು ನಾರಾಯಣ ಶ್ರೀಪಾದ ರಾಜಹಂಸ. ಹುಟ್ಟಿದ್ದು 1888ರಲ್ಲಿ. ಹುಡುಗನಿದ್ದಾಗ ಇವರ ಹಾಡು ಕೇಳಿದ ಲೋಕಮಾನ್ಯ ತಿಲಕರು ‘ಬಾಲಗಂಧರ್ವ’ ಎಂದು ಕರೆದರೆಂದೂ, ಆ ಹೆಸರೇ ಉಳಿಯಿತೆಂದೂ ಹೇಳುತ್ತಾರೆ. 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿ ಸೇರಿದರು. ಈ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದವರು. ಆಗ ಹೆಣ್ಣುಮಕ್ಕಳು ರಂಗಕ್ಕೆ ಬರುವುದು ಅಪರೂಪ. ಸೀರೆ ಉಟ್ಟು ಹೆಣ್ಣಾಗಿ ಹಾಡುವ ಕೆಲಸ ಗಂಡಸರದೇ. ಬಾಲಗಂಧರ್ವರು ಆ ಕೆಲಸದಲ್ಲಿ ಎಷ್ಟು ಪಳಗಿದರೆಂದರೆ, ದೊಡ್ಡ ಮನೆತನದ ಹೆಣ್ಣುಮಕ್ಕಳು ಅವರು ಸೀರೆ ಉಡುವ ರೀತಿ, ಹೆರಳಿಗೆ ಹೂ ಮುಡಿಯುವ ರೀತಿ ನೋಡಿ ಕಲಿಯುತ್ತಿದ್ದರು.

1913ರಲ್ಲಿ ಗೆಳೆಯರ ಜೊತೆ ಸೇರಿ ತಮ್ಮದೇ ‘ಗಂಧರ್ವ ನಾಟಕ ಮಂಡಳಿ’ ಕಟ್ಟಿದರು. 1916ರಲ್ಲಿ ‘ಸ್ವಯಂವರ’ ಬಂತು. ಅದರ ಹಾಡುಗಳಿಗೆ ರಾಗ ಕೂಡಿಸಿದವರು ಭಾಸ್ಕರಬುವಾ ಬಖಲೆ, ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದ್ದವರು. ಮುಂದೆ ತಬಲಾದ ಅಹ್ಮದಜಾನ್ ತಿರಕವಾರಂಥ ಉಸ್ತಾದರೂ ಈ ಕಂಪನಿಯಲ್ಲಿ ನುಡಿಸಿದರು. ಪರದೆಯ ಮುಂದೆ ಕೂತು ಅಂಥವರು ನುಡಿಸುವಾಗ ನಾಟಕಕ್ಕೆ ಬಂದವರಿಗೆ ಕಥೆ ನೆನಪಿರುತ್ತಿತ್ತೋ ಇಲ್ಲವೋ! ಹಾಡು ಮುಗಿಯಿತೆಂದರೆ "ಒನ್ಸ್ ಮೋರ್!" ಎಂಬ ಕೂಗು. ಮತ್ತೆ ಹಾಡು, ಮತ್ತೆ ಕೂಗು. ರಾತ್ರಿ ಶುರುವಾದ ನಾಟಕ ಮುಗಿಯುವಾಗ ಬೆಳಗಿನ ಜಾವ.

ಪ್ರೇಕ್ಷಕರನ್ನು ಬಾಲಗಂಧರ್ವರು ‘ಮಾಯಬಾಪ’ ಎನ್ನುತ್ತಿದ್ದರು, ಅಂದರೆ ತಾಯಿತಂದೆ. ಬರೀ ಬಾಯಿಮಾತಲ್ಲ. 1911ರ ಮಾರ್ಚ್ 12ರಂದು ಮುಂಬಯಿಯಲ್ಲಿ ‘ಮಾನಾಪಮಾನ’ದ ಮೊದಲ ಆಟ. ಅದೇ ದಿನ ಅವರ ಪುಟ್ಟ ಮಗಳು ತೀರಿಕೊಂಡಳು. ಆಟ ನಿಲ್ಲಿಸಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಬಣ್ಣ ಹಚ್ಚಿ ರಂಗಕ್ಕೆ ಬಂದು ಹಾಡಿದರು. ಇದು ಸರಿಯೋ ತಪ್ಪೋ ಎಂದು ನನಗೆ ಇಂದಿಗೂ ತಿಳಿಯುವುದಿಲ್ಲ. ಮುತ್ಯಾನಿಗಂತೂ ಈ ಪ್ರಸಂಗ ಹೇಳುವಾಗ ಕಣ್ಣು ತುಂಬಿ ಬಂತು.

ಮಾಯಬಾಪನನ್ನು ಇಷ್ಟು ನಂಬಿದವರ ಗಲ್ಲೆಪೆಟ್ಟಿಗೆ ಯಾಕೆ ಬರಿದಾಯಿತು?

ಒಂದು ಕಾರಣ ಅವರ ಕೈಯೇ. ರಂಗದ ಮೇಲೆ ಬೆಲೆಬಾಳುವ ಪರದೆ, ಭಾರಿ ಸೀರೆ, ಉತ್ತಮ ಅತ್ತರು, ಯಾವುದರಲ್ಲೂ ಅಗ್ಗದ್ದು ಬೇಡ. ಲೆಕ್ಕ ನೋಡುವ ಸ್ವಭಾವವಲ್ಲ. ಸಾಲ ಬೆಳೆಯಿತು. ದಿವಾಳಿ ಅರ್ಜಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಅವರು ಒಪ್ಪಲಿಲ್ಲ, ಸಾಲವನ್ನೆಲ್ಲ ತಮ್ಮ ತಲೆಯ ಮೇಲೆ ಹೊತ್ತು, ಹಾಡಿ ಹಾಡಿ ತೀರಿಸಲು ನಿಂತರು.

ಇನ್ನೊಂದು ಕಾರಣ ಯಾರ ಕೈಯಲ್ಲೂ ಇರಲಿಲ್ಲ. 1931ರಲ್ಲಿ ‘ಆಲಂ ಆರಾ’ ಬಂತು, ಚಿತ್ರಗಳು ಮಾತಾಡತೊಡಗಿದವು. ಮರುವರ್ಷ ಮರಾಠಿಯ ‘ಅಯೋಧ್ಯೇಚಾ ರಾಜಾ’, 1934ಕ್ಕೆ ಕನ್ನಡದ ‘ಸತಿ ಸುಲೋಚನಾ’. ನಾಟಕದ ಟಿಕೇಟಿಗಿಂತ ಕಡಿಮೆ ದುಡ್ಡಿಗೆ ಹಾಡು, ಕುಣಿತ, ಅರಮನೆ, ಆನೆ ಎಲ್ಲ ಕಾಣುತ್ತಿತ್ತು, ಅದೂ ಎರಡು ಮೂರು ತಾಸಿನಲ್ಲಿ. ಬೆಳಗಿನ ಪಾಳಿಗೆ ಹೋಗಬೇಕಾದ ಮಿಲ್ಲಿನ ಕೂಲಿಗೆ ಇಡೀ ರಾತ್ರಿಯ ನಾಟಕಕ್ಕಿಂತ ಇದು ಅನುಕೂಲ. ನಾಟಕದ ಖುರ್ಚಿಗಳು ಖಾಲಿ ಉಳಿಯತೊಡಗಿದವು.

ಜಗಳ ಹೊತ್ತಿದ್ದು ಇಲ್ಲಿಯೇ. 1933ರಲ್ಲಿ ಮುಂಬಯಿಯಲ್ಲಿ ‘ನಾಟ್ಯಮನ್ವಂತರ’ ಎಂಬ ಹೊಸ ತಂಡ ‘ಆಂಧಳ್ಯಾಂಚಿ ಶಾಳಾ’ ಎಂಬ ನಾಟಕ ಆಡಿತು. ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬಂದಳು. ಹಾಡು ಕೆಲವೇ, ಅವೂ ಚಿಕ್ಕವು. ಕೇಶವರಾವ ಭೋಳೆ ಅವಕ್ಕೆ ಹೊಸ ಬಗೆಯ ರಾಗ ಕಟ್ಟಿದ್ದರು, ಜ್ಯೋತ್ಸ್ನಾ ಭೋಳೆ ಹಾಡಿದರು. ಓದಿದ ತರುಣರಿಗೆ ಅದು ಹಿಡಿಸಿತು. ಗಂಧರ್ವ ಕಂಪನಿಯೂ ಹೀಗೇ ಬದಲಾಗಲಿ ಎಂಬ ಮಾತು ಎದ್ದಿತು.

"ನಮ್ಮಪ್ಪನ ಜೋಡಿದಾರ ಹಂಗ ಅನ್ನವನ," ಎಂದರು ಮುತ್ಯಾ. "ಮೀಸಿ ಬಂದ ಗಂಡಸು ಎಷ್ಟ ದಿನ ಸೀರಿ ಉಡ್ತಾನ? ಒಂದು ಹಾಡು ಅರ್ಧ ತಾಸು ಎಳದರ ಕತಿ ಯಾವಾಗ ಮುಂದ ಹೋಗಬೇಕು? ಅಂತ. ನಮ್ಮಪ್ಪ, ಕತಿ ಕೇಳಬೇಕಂದ್ರ ಪುರಾಣಕ್ಕ ಹೋಗು, ಇದು ಹಾಡಿಂದು ಅಂತಿದ್ದ."

ಹುಡುಗಿ ನೆಟ್ಟಗೆ ಕೂತಳು. "ನನ್ನ ಗೆಳತಿ ಹಂಗೇ ಅಂತಾಳ!"

ಇಲ್ಲಿ ಗ್ರಾಮಫೋನಿನ ಮಾತು ಹೇಳಬೇಕು. ಆ ಕಾಲದ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷದ ಹಾಡು. ರಂಗದ ಮೇಲೆ ಅರ್ಧ ತಾಸು ಅರಳುತ್ತಿದ್ದ ಹಾಡನ್ನು ಅಷ್ಟರಲ್ಲೇ ಮಡಚಿ ಇಡಬೇಕು. ಹೀಗಾಗಿ ಅಭಿಮಾನಿಗಳಲ್ಲೂ ಎರಡು ಜಾತಿ. ನಾಟಕಕ್ಕೆ ಹೋಗಿ ಕೇಳಿದವರಿಗೆ ಎಷ್ಟು ಬೆಳೆಸಿದರೂ ಸಾಲದು. ಪ್ಲೇಟಿನಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡವರು ನಾಟಕಕ್ಕೆ ಬಂದಾಗ, ಇಷ್ಟುದ್ದ ಯಾಕೆ ಎಂದು ಕಕ್ಕಾಬಿಕ್ಕಿ. ಒಬ್ಬನೇ ಗಾಯಕ, ಒಂದೇ ಹಾಡು. ಕೇಳಿದ ಯಂತ್ರ ಬೇರೆಯಾದದ್ದಕ್ಕೆ ರುಚಿಯೂ ಬೇರೆ.

ಬಾಲಗಂಧರ್ವರು ಕಂಪನಿ ನಿಲ್ಲಿಸಿ ಸಿನಿಮಾಕ್ಕೆ ಹೋದರು. ಪ್ರಭಾತ ಕಂಪನಿಗಾಗಿ ವಿ. ಶಾಂತಾರಾಮರು ತೆಗೆದ ‘ಧರ್ಮಾತ್ಮಾ’ 1935ರಲ್ಲಿ ತೆರೆಗೆ ಬಂತು. ಮೊದಲು ಇಟ್ಟ ಹೆಸರು ‘ಮಹಾತ್ಮಾ’. ಗಾಂಧೀಜಿಯವರನ್ನು ನೆನಪಿಸುವ ಆ ಹೆಸರಿಗೆ ಸೆನ್ಸಾರಿನವರು ಒಪ್ಪದೆ ಬದಲಾಯಿಸಬೇಕಾಯಿತು. ಅದರಲ್ಲಿ ಅವರದು ಸಂತ ಏಕನಾಥನ ಪಾತ್ರ, ಗಂಡು ಪಾತ್ರ. ರುಕ್ಮಿಣಿಯನ್ನು ನೋಡಲು ಬಂದ ಜನ ಸಂತನನ್ನು ನೋಡಿ ಪೆಚ್ಚಾದರು. ಅವರಿಗೂ ಸಿನಿಮಾ ಒಗ್ಗಲಿಲ್ಲ. ಸ್ಟುಡಿಯೋದಲ್ಲಿ ಕ್ಯಾಮೆರಾ ಇದೆ, ದೀಪ ಇದೆ, "ಒನ್ಸ್ ಮೋರ್" ಎನ್ನಲು ಮಾಯಬಾಪನೇ ಇಲ್ಲ! ಪ್ರಭಾತದ ಜೊತೆಗಿನ ಕರಾರು ಆ ಒಂದು ಚಿತ್ರಕ್ಕೇ ನಿಂತಿತು. 1937ರಲ್ಲಿ ಅವರು ಹೆಣ್ಣಾಗಿಯೇ ಕಾಣಿಸಿಕೊಂಡ ‘ಸಾಧ್ವಿ ಮೀರಾಬಾಯಿ’ ಬಂತು. ನಾಟಕವನ್ನೇ ಹೆಚ್ಚುಕಡಿಮೆ ಹಾಗೆಯೇ ಚಿತ್ರ ಹಿಡಿದದ್ದು. ಅದೂ ಓಡಲಿಲ್ಲ. ಹೊಸದು ಮಾಡಿದರೂ ಸೋಲು, ಹಳೆಯದನ್ನೇ ಕೊಟ್ಟರೂ ಸೋಲು.

ಆಗ ಬಂದವರು ನಮ್ಮ ಬೀಳಗಿಯ ಗೋಹರಬಾಯಿ.

ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1910ರಲ್ಲಿ ಹುಟ್ಟಿದ ಗೋಹರಬಾಯಿ ಕರ್ನಾಟಕಿ, ಮುಂದೆ ಹಿಂದಿ ಸಿನಿಮಾದಲ್ಲಿ ಹೆಸರಾದ ಅಮೀರಬಾಯಿ ಕರ್ನಾಟಕಿಯ ಅಕ್ಕ. (ಅಮೀರಬಾಯಿಯ ಬಗ್ಗೆ ರಹಮತ್ ತರೀಕೆರೆಯವರು ಕನ್ನಡದಲ್ಲಿ ಒಂದು ಸೊಗಸಾದ ಪುಸ್ತಕ ಬರೆದಿದ್ದಾರೆ, ಅಜ್ಜ-ಅಜ್ಜಿಯರು ತಪ್ಪದೆ ಓದಬೇಕು.) ಗೋಹರ ಬಾಲಗಂಧರ್ವರ ಪ್ಲೇಟುಗಳನ್ನು ಕೇಳಿ ಕೇಳಿ ಅವರ ಹಾಗೆಯೇ ಹಾಡುವುದನ್ನು ಕಲಿತವರು. ಆ ಕೊರಳಿನ ತಿರುವು, ಆ ನಿಲುಗಡೆ, ಎಲ್ಲವೂ ಅವರದೇ. ಕನ್ನಡದ ಹುಡುಗಿಯೊಬ್ಬಳು ಮರಾಠಿ ಗಾಯಕನೊಬ್ಬನನ್ನು ಯಂತ್ರದಿಂದ ಕಲಿತು, ಕೊನೆಗೆ 1938ರಲ್ಲಿ ಅದೇ ಗಾಯಕನ ಕಂಪನಿ ಸೇರಿದಳು. ಅವರು ಮಾಡುತ್ತಿದ್ದ ಹೆಣ್ಣು ಪಾತ್ರಗಳನ್ನು ಈಕೆ ಮಾಡತೊಡಗಿದಳು.

ಈಗ ಅಭಿಮಾನಿಗಳ ಜಗಳಕ್ಕೆ ತುಪ್ಪ ಸುರಿದಂತಾಯಿತು. ನಮ್ಮ ಬಾಲಗಂಧರ್ವ ಸೀರೆ ಉಡದಿದ್ದರೆ ಅದು ಗಂಧರ್ವ ಕಂಪನಿಯೇ ಅಲ್ಲ ಎಂದು ಹಳಬರು. ಹೆಣ್ಣು ಬಂದರೇನು, ಹಾಡು ಮತ್ತದೇ ಅಲ್ಲವೇ ಎಂದು ಹೊಸಬರು. ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ಹಳೆಯ ಸಂಗೀತ ಬೇಕು ಎಂದವರಿಗೆ ಹಳೆಯ ಸಂಗೀತವೇ ಸಿಕ್ಕಿತ್ತು. ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬೇಕು ಎಂದವರಿಗೆ ಹೆಣ್ಣೇ ಸಿಕ್ಕಿದ್ದಳು. ಆದರೂ ಎರಡು ಪಕ್ಷಕ್ಕೂ ಸಮಾಧಾನವಿಲ್ಲ. ಹಾಡು ಬದಲಾಗಿರಲಿಲ್ಲ, ಹಾಡುವವರು ಬದಲಾಗಿದ್ದರು.

ಕಂಪನಿ ಹಾಳಾದದ್ದು ಇವಳಿಂದಲೇ ಎಂದು ಗೋಹರಬಾಯಿಯನ್ನು ಬೈದವರು ಬಹಳ. ಲೆಕ್ಕ ತೆಗೆದು ನೋಡೋಣ. ಸಾಲ ಆಕೆ ಬರುವುದಕ್ಕಿಂತ ಎಷ್ಟೋ ವರ್ಷ ಹಿಂದಿನದು. ಟಾಕೀಸುಗಳು ಬಂದು ಏಳು ವರ್ಷವಾಗಿತ್ತು. ಎರಡು ಸಿನಿಮಾ ಮೊದಲೇ ಸೋತಿದ್ದವು. 1938ರಲ್ಲಿ ಬಾಲಗಂಧರ್ವರಿಗೆ ಐವತ್ತು ವರ್ಷ. ಹದಿನಾರರ ರುಕ್ಮಿಣಿಯಾಗಿ ಇನ್ನೆಷ್ಟು ದಿನ ನಿಲ್ಲಲಾಗುತ್ತಿತ್ತು? ಆಕೆ ಹೆಣ್ಣು, ಮುಸ್ಲಿಂ ಮನೆತನದವಳು, ಕನ್ನಡದವಳು. ಹೊರಗಿನಿಂದ ಬಂದವರ ಮೇಲೆ ತಪ್ಪು ಹೊರಿಸುವುದು ಯಾವಾಗಲೂ ಸುಲಭ. ಕಂಪನಿಯನ್ನು ಇನ್ನಷ್ಟು ವರ್ಷ ಎಳೆದು ನಡೆಸಿದ ಕೊರಳಿಗೆ ಸಿಕ್ಕ ಬಹುಮಾನ ಇದು.

"ಮುತ್ಯಾ, ನಿಮ್ಮಪ್ಪ ಆಕಿಗೂ ಬೈದನೇನು?" ಎಂದು ಹುಡುಗಿ ಮೆಲ್ಲಗೆ ಕೇಳಿದಳು.

ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೈದಾನ. ಸುಳ್ಳ್ಯಾಕ ಹೇಳಲಿ? ಕಡೀಗೆ ಒಂದು ದಿನ ಹೋಟಲಿನ್ಯಾಗ ಪ್ಲೇಟ ಹಾಕಿದ್ರಂತ. ಇವ ಕಣ್ಣು ಮುಚ್ಚಿ ತಲಿ ತೂಗಿ, ಏನ ಹಾಡ್ಯಾನೋ ನಮ್ಮ ಗಂಧರ್ವ ಅಂದ. ಜೋಡಿದಾರ ನಕ್ಕೋತ, ಅದು ಗೋಹರಬಾಯಿ ಹಾಡಿದ್ದೋ ಹುಚ್ಚಾ ಅಂದ. ಅವತ್ತ ಇಬ್ಬರೂ ಮಾತು ಶುರು ಮಾಡಿದ್ರು."

ಬಾಲಗಂಧರ್ವರೂ ಗೋಹರಬಾಯಿಯೂ 1951ರಲ್ಲಿ ಮದುವೆಯಾದರು. ಮುಂದೆ ಅವರ ಕಾಲು ಸ್ವಾಧೀನ ತಪ್ಪಿತು; ಕೂತಲ್ಲಿಯೇ ಭಜನೆ ಹಾಡುತ್ತಿದ್ದರು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ ಬಂದವು. ಪದ್ಮಭೂಷಣ ಬಂದ ವರ್ಷವೇ ಗೋಹರಬಾಯಿ ತೀರಿಕೊಂಡರು. ಬಾಲಗಂಧರ್ವರು 1967ರ ಜುಲೈ 15ರಂದು. ಮರುವರ್ಷ ಪುಣೆಯಲ್ಲಿ ‘ಬಾಲಗಂಧರ್ವ ರಂಗಮಂದಿರ’ ತೆರೆಯಿತು. 2011ರಲ್ಲಿ ಅವರ ಬದುಕಿನ ಮೇಲೆ ಮರಾಠಿಯಲ್ಲಿ ಸಿನಿಮಾ ಬಂದು ಜನ ಮುಗಿಬಿದ್ದು ನೋಡಿದರು. ಬದುಕಿದ್ದಾಗ ಕೈಹಿಡಿಯದ ಸಿನಿಮಾ, ಹೋದ ಮೇಲೆ ಹಿಡಿಯಿತು.

ಅಷ್ಟರಲ್ಲಿ ಹುಡುಗಿ ಮೊಬೈಲ್ ಎತ್ತಿಕೊಂಡು ಹುಡುಕಿ, ಹಳೆಯ ಪ್ಲೇಟಿನ ಹಾಡೊಂದನ್ನು ಹಾಕಿದ್ದಳು. ಮೊದಲು ಬರೀ ಚರಚರ ಸದ್ದು, ಅದರೊಳಗಿಂದ ಹಾರ್ಮೋನಿಯಂ, ಆಮೇಲೆ ಸಣ್ಣ ಎಳೆಯಂಥ ದನಿ. ಒಳಗಿದ್ದ ಅಜ್ಜಿಯೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಇದು ಖರೇನ ಗಂಡಸಿನ ದನಿ ಏನು?"

"ಹೌದವಾ."

ಮೂರು ನಿಮಿಷಕ್ಕೆ ಹಾಡು ಮುಗಿಯಿತು. ಮುತ್ಯಾ ತಲೆ ಅಲ್ಲಾಡಿಸಿ, "ಚಲೋ ಅದ. ಆದ್ರ ಪ್ಲೇಟಿನ್ಯಾಗ ಏನು ಮಜಾ? ನಾಟಕದಾಗ ಕೇಳಬೇಕು ಅಂತಿದ್ದ ನಮ್ಮಪ್ಪ" ಎಂದರು. ಹುಡುಗಿ ಆ ಹಾಡನ್ನು ಗೆಳತಿಗೆ ಕಳಿಸಿದಳು. ಜೊತೆಗೆ ಏನು ಬರೆದಳೋ, ನಮಗೆ ತೋರಿಸಲಿಲ್ಲ. ರೊಟ್ಟಿ ತಟ್ಟೆಗೆ ಬರುವಷ್ಟರಲ್ಲಿ ಮೊಬೈಲ್ ಟಿಂಗ್ ಎಂದಿತು.