ಬಾಲನೆರೆಗೆ ಬಣ್ಣ ಹಚ್ಚೋ ಮುಂಚೆ ಪ್ಯಾಕೆಟ್ ಹಿಂದೆ ಏನಿದೆ ಅಂತ ಓದಿ

ವಯಸ್ಸು ಇನ್ನೂ 23. ಬೈಕ್ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವಾಗ ಕಿವಿ ಪಕ್ಕ ನಾಲ್ಕು ಬಿಳಿ ಕೂದಲು ಕಾಣುತ್ತೆ. ನಾಳಿದ್ದು ಇಂಟರ್‌ವ್ಯೂ, ಇಲ್ಲವೇ ಹೆಣ್ಣು ನೋಡೋ ಶಾಸ್ತ್ರ. ಸೀದಾ ಅಂಗಡಿಗೆ ಹೋಗಿ ‘ಕಪ್ಪು ಮೆಹಂದಿ’ ಪ್ಯಾಕೆಟ್ ತಂದು, ರಾತ್ರಿ ಹಚ್ಚಿ ತೊಳೆದು ಮಲಗೋದು. ಹೆಚ್ಚಿನವರಿಗೆ ಏನೂ ಆಗೋದಿಲ್ಲ. ಕೆಲವರಿಗೆ ಮಾತ್ರ ಒಂದೆರಡು ದಿನದಲ್ಲಿ ನೆತ್ತಿ ತುರಿಸಿ, ಹಣೆ ಊದಿ, ಕಣ್ಣು ತೆರೆಯೋಕೂ ಆಗದ ಪರಿಸ್ಥಿತಿ ಬರುತ್ತೆ. ಬಿಳಿ ಕೂದಲು ಮುಚ್ಚೋಕೆ ಹೋಗಿ ಮುಖವನ್ನೇ ಮುಚ್ಚಿಕೊಳ್ಳಬೇಕಾಗುತ್ತೆ.

ಇದಕ್ಕೆ ಕಾರಣ ಬಣ್ಣ ಹಚ್ಚಿದ್ದಲ್ಲ. ಯಾವ ಬಣ್ಣ ಅಂತ ತಿಳಿಯದೇ ಹಚ್ಚಿದ್ದು.

ಬಾಲನೆರೆ ಯಾಕೆ ಬರುತ್ತೆ?

ಕೂದಲಿಗೆ ಕಪ್ಪು ಬಣ್ಣ ಕೊಡೋದು ಮೆಲನಿನ್. ಕೂದಲ ಬುಡದ ಜೀವಕೋಶಗಳು ಇದನ್ನು ತಯಾರಿಸೋದು ಕಡಿಮೆ ಮಾಡಿದರೆ ಕೂದಲು ಬೆಳ್ಳಗೆ ಹುಟ್ಟುತ್ತೆ. ನಮ್ಮ ಕಡೆಯವರಲ್ಲಿ 25ಕ್ಕೂ ಮೊದಲೇ ಹೀಗಾದರೆ ವೈದ್ಯರು ಬಾಲನೆರೆ ಅಂತಾರೆ. ಮುಖ್ಯ ಕಾರಣ ವಂಶ. ಅಪ್ಪನಿಗೋ ಸೋದರಮಾವನಿಗೋ ಬೇಗ ನೆರೆತಿದ್ದರೆ ಮಕ್ಕಳಿಗೂ ಬರಬಹುದು. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ರಕ್ತಹೀನತೆ, ಸಿಗರೇಟು ಚಟ ಇದ್ದವರಲ್ಲೂ ಕಾಣುತ್ತೆ. ಹಾಗಾಗಿ ತಲೆ ಬೇಗ ಬೇಗ ನೆರೆಯುತ್ತಿದ್ದರೆ ಡೈ ತರೋ ಮುಂಚೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸೋದು ಲೇಸು.

ಒಂದು ಕಿತ್ತರೆ ಹತ್ತು ಹುಟ್ಟುತ್ತೆ ಅನ್ನೋದು ಬರೀ ಮಾತು. ಆದರೆ ಬೆಳ್ಳಗೆ ಹುಟ್ಟಿದ ಕೂದಲನ್ನು ಒಳಗಿಂದ ಕಪ್ಪು ಮಾಡೋ ಎಣ್ಣೆಯೂ ಇಲ್ಲ, ಶಾಂಪೂನೂ ಇಲ್ಲ. ಹೊರಗಿಂದ ಬಣ್ಣ ಹಾಕಬೇಕು, ಅಷ್ಟೇ.

ಅಂಗಡಿಯಲ್ಲಿ ಸಿಗೋದು ಮೂರು ಬಗೆ

ಒಂದು, ಮೇಲ್ಮೇಲೆ ಅಂಟೋ ಬಣ್ಣ. ಬಣ್ಣದ ಕಂಡೀಷನರ್, ಕೂದಲ ಬುಡಕ್ಕೆ ತೀಡೋ ಕಡ್ಡಿ, ಬಣ್ಣ ಉಳಿಸೋ ಶಾಂಪೂ ಇವೆಲ್ಲ ಈ ಜಾತಿ. ಕೂದಲ ಮೇಲ್ಪದರದಲ್ಲಿ ಮಾತ್ರ ಕೂರುತ್ತೆ, ತಲೆಸ್ನಾನ ಮಾಡಿದಂತೆಲ್ಲ ಬಿಡುತ್ತೆ. ಪೂರ್ತಿ ಕಪ್ಪಾಗಲ್ಲ. ಆದರೆ ಅಲ್ಲೊಂದು ಇಲ್ಲೊಂದು ಬಿಳಿ ಇರೋರಿಗೆ ಎದ್ದು ಕಾಣದಂತೆ ಮಾಡೋಕೆ ಸಾಕು. ಬೆವರಿದರೆ ದಿಂಬು, ಕಾಲರ್‌ಗೆ ಬಣ್ಣ ಹತ್ತಬಹುದು.

ಎರಡು, ಗೋರಂಟಿ ಅಥವಾ ಮೆಹಂದಿ. ಎಲೆಯಲ್ಲಿರುವ ಲಾಸೋನ್ ಎಂಬ ಅಂಶ ಕೂದಲಿಗೆ ಕಚ್ಚಿಕೊಂಡು ಕೆಂಪು-ಕಿತ್ತಳೆ ಬಣ್ಣ ಕೊಡುತ್ತೆ. ಶುದ್ಧ ಗೋರಂಟಿ ಒಂದರಿಂದಲೇ ಕೂದಲು ಯಾವತ್ತೂ ಕಡುಗಪ್ಪಾಗಲ್ಲ. ಗಿಡದಿಂದಲೇ ಕಪ್ಪು ಬೇಕು ಅಂದರೆ ಗೋರಂಟಿ ಹಚ್ಚಿ ತೊಳೆದು, ಆಮೇಲೆ ನೀಲಿ ಗಿಡದ ಎಲೆಪುಡಿ ಹಚ್ಚಬೇಕು. ಗಂಟೆಗಟ್ಟಲೆ ಹಿಡಿಯೋ ಕೆಲಸ.

ಮೂರು, ಕಾಯಂ ಡೈ. ಕೂದಲ ಒಳಗೆ ಹೋಗಿ ಅಲ್ಲೇ ಬಣ್ಣವಾಗುತ್ತೆ, ತೊಳೆದರೆ ಹೋಗಲ್ಲ. ಆದರೆ ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತೆ. ಮೂರು-ನಾಲ್ಕು ವಾರದಲ್ಲಿ ಬುಡದ ಬಿಳಿ ಮತ್ತೆ ಇಣುಕುತ್ತೆ. ಅಂದರೆ 23ಕ್ಕೆ ಶುರು ಮಾಡಿದವರು ಪ್ರತಿ ತಿಂಗಳೂ ಹಚ್ಚುತ್ತಲೇ ಇರಬೇಕು.

ಹೆಸರು ಮೆಹಂದಿ, ಒಳಗೆ ಪಿಪಿಡಿ

ಕಾಯಂ ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರೋ ರಾಸಾಯನಿಕ ಪ್ಯಾರಾ ಫಿನೈಲೀನ್ ಡಯಮೀನ್, ಚಿಕ್ಕದಾಗಿ ಪಿಪಿಡಿ. ಯುರೋಪಿನಲ್ಲಿ ತಲೆಗೆ ಹಚ್ಚೋ ಮಿಶ್ರಣದಲ್ಲಿ ಇದು 2% ದಾಟಬಾರದು ಅಂತ ಮಿತಿ ಹಾಕಿದ್ದಾರೆ.

ಗೊಂದಲ ಇರೋದು ಹೆಸರಿನಲ್ಲಿ. ಅರ್ಧ ಗಂಟೆಯಲ್ಲೇ ಕಡುಗಪ್ಪು ಮಾಡೋ ‘ಬ್ಲ್ಯಾಕ್ ಮೆಹಂದಿ’ ಪುಡಿಗಳಲ್ಲಿ ಆ ಕಪ್ಪು ಬರೋದು ಸಾಮಾನ್ಯವಾಗಿ ಪಿಪಿಡಿಯಿಂದ, ಗೋರಂಟಿಯಿಂದಲ್ಲ. ಐದು-ಹತ್ತು ನಿಮಿಷದಲ್ಲಿ ಕಪ್ಪು ಮಾಡೋ ‘ಡೈ ಶಾಂಪೂ’ಗಳಲ್ಲೂ ಹಲವು ಇದೇ ಬಗೆಯವು. ಪ್ಯಾಕೆಟ್ ಮೇಲೆ ಎಲೆ, ನೆಲ್ಲಿಕಾಯಿ ಚಿತ್ರ ಇದೆ ಅಂತ ನಂಬಬೇಡಿ. ‘ಅಮೋನಿಯಾ ಇಲ್ಲ’ ಅಂದರೆ ಪಿಪಿಡಿ ಇಲ್ಲ ಅಂತಲೂ ಅರ್ಥ ಅಲ್ಲ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಆ ಹೆಸರು ಇದೆಯಾ ನೋಡಿ.

ಇನ್ನೊಂದು ವಿಷಯ. ‘ಐದು ವರ್ಷದಿಂದ ಹಚ್ತಿದ್ದೀನಿ, ಏನೂ ಆಗಿಲ್ಲ’ ಅನ್ನೋರಿಗೂ ಆರನೇ ವರ್ಷ ಅಲರ್ಜಿ ಬರಬಹುದು. ಒಂದು ಸಲ ಮೈಗೆ ಒಗ್ಗದೇ ಹೋದರೆ ಸಾಮಾನ್ಯವಾಗಿ ಜೀವನಪೂರ್ತಿ ಒಗ್ಗಲ್ಲ, ಮುಂದಿನ ಸಲ ಹಚ್ಚಿದರೆ ಇನ್ನೂ ಜೋರಾಗಬಹುದು.

24 ಗಂಟೆ ಕಾಯೋದು ನಿಯಮದಲ್ಲೇ ಇದೆ

ಇಂಥ ಡೈ ಪ್ಯಾಕೆಟ್ ಮೇಲೆ ಎಚ್ಚರಿಕೆ, ಪರೀಕ್ಷೆ ಮಾಡೋ ವಿಧಾನ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ದೇಶದ ಸೌಂದರ್ಯವರ್ಧಕ ನಿಯಮ ಹೇಳುತ್ತೆ. ವಿಧಾನ ಸುಲಭ:

- ಕಿವಿ ಹಿಂದೆ ಅಥವಾ ಮುಂಗೈ ಒಳಭಾಗವನ್ನು ಸೋಪಿನಿಂದ ತೊಳೆದು ಒರೆಸಿ.
- ತಲೆಗೆ ಹಚ್ಚೋ ಹಾಗೇ ಕಲಸಿದ ಡೈಯನ್ನು ಸ್ವಲ್ಪ ಹಚ್ಚಿ, ಒಣಗಲು ಬಿಡಿ.
- 24 ಗಂಟೆ ಬಿಟ್ಟು ತೊಳೆದು ನೋಡಿ. ಕೆಂಪಾಗಿದ್ದರೆ, ತುರಿಸಿದರೆ ಆ ಡೈ ತಲೆಗೆ ಬೇಡ.
- ಪ್ರತಿ ಸಲ ಹಚ್ಚೋ ಮುಂಚೆಯೂ ಇದನ್ನು ಮಾಡಬೇಕು.

ಕೆಲವರಿಗೆ ಅಲರ್ಜಿ ಎರಡನೇ ದಿನ ಕಾಣಿಸೋದರಿಂದ 48 ಗಂಟೆ ಕಾದರೆ ಇನ್ನೂ ಒಳ್ಳೇದು. ಮದುವೆ ಹಿಂದಿನ ರಾತ್ರಿ ಹೊಸ ಡೈ ಪ್ರಯೋಗ ಮಾಡಲೇಬೇಡಿ.

ಹುಬ್ಬಿಗೆ, ರೆಪ್ಪೆಗೆ ಡೈ ಮುಟ್ಟಿಸಬಾರದು, ಕಣ್ಣೇ ಹೋಗಬಹುದು ಅನ್ನೋ ಎಚ್ಚರಿಕೆಯೂ ಅದೇ ನಿಯಮದಲ್ಲಿದೆ. ಹಚ್ಚಿದ ಮೇಲೆ ಉರಿ ಬಂದರೆ ತಕ್ಷಣ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ತುಟಿ, ಕಣ್ಣು ಊದಿಕೊಂಡರೆ, ಉಸಿರಾಡೋಕೆ ಕಷ್ಟ ಆದರೆ 108ಕ್ಕೆ ಫೋನ್ ಮಾಡಿ. ಪಿಪಿಡಿ ಇರೋ ಡೈ ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟುತ್ತೆ, ಕಿಡ್ನಿಗೂ ಪೆಟ್ಟು. ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಿ.

ಅಂಗಡಿ, ಸಲೂನ್‌ನವರಿಗೆ

ಗಿರಾಕಿ ‘ಮೆಹಂದಿ ಕೊಡಿ’ ಅಂದಾಗ ಕೆಂಪಿನದಾ, ಕಪ್ಪಿನದಾ ಅಂತ ಕೇಳಿ, ಕಪ್ಪಿನದರಲ್ಲಿ ಡೈ ಇರುತ್ತೆ ಅಂತ ಹೇಳಿ ಕೊಡಿ. ಲೇಬಲ್ ಇಲ್ಲದ, ತಯಾರಕರ ವಿಳಾಸ ಇಲ್ಲದ, ಅವಧಿ ಮೀರಿದ ಸರಕು ಇಡಬೇಡಿ. ಸಲೂನ್‌ನಲ್ಲಿ ದಿನಾ ಡೈ ಕಲಸೋರಿಗೇ ಕೈ ಸಿಪ್ಪೆ ಏಳೋದು, ಬಿರುಕು ಬಿಡೋದು ಜಾಸ್ತಿ, ಹಾಗಾಗಿ ಗ್ಲೌಸ್ ಹಾಕಿಕೊಳ್ಳಿ. ಹೊಸ ಗಿರಾಕಿ ಬಂದರೆ ಇವತ್ತು ಕಿವಿ ಹಿಂದೆ ಹಚ್ಚಿ ಕಳಿಸಿ, ನಾಳೆ ಬರೋಕೆ ಹೇಳಿ. ಒಂದು ದಿನದ ವ್ಯಾಪಾರ ಮುಂದೆ ಹೋಗಬಹುದು, ಗಿರಾಕಿ ಉಳೀತಾರೆ.

ನಾಲ್ಕೇ ನಾಲ್ಕು ಬಿಳಿ ಕೂದಲಿದ್ದರೆ ಸಣ್ಣ ಕತ್ತರಿಯಲ್ಲಿ ಬುಡದವರೆಗೆ ಕತ್ತರಿಸಿದರೂ ಆಯ್ತು. ಅದಕ್ಕೆ ಖರ್ಚೂ ಇಲ್ಲ, ಅಲರ್ಜಿಯೂ ಇಲ್ಲ.