ರಿಜಿಸ್ಟರ್ಡ್ ಸಂಘಕ್ಕೂ ತೆರಿಗೆ ಉಂಟು

ವಾರ್ಷಿಕ ಮಹಾಸಭೆಯಲ್ಲಿ ಖಜಾಂಚಿ ಲೆಕ್ಕ ಓದಿ ಮುಗಿಸಿದ ಮೇಲೆ ಸದಸ್ಯರೊಬ್ಬರು ಎದ್ದು ಇನ್‌ಕಮ್ ಟ್ಯಾಕ್ಸ್ ವಿಷಯ ಕೇಳಿದರೆ ವೇದಿಕೆಯಿಂದ ಸಾಮಾನ್ಯವಾಗಿ ಬರುವ ಉತ್ತರ ಇದು: "ನಮ್ಮದು ರಿಜಿಸ್ಟರ್ಡ್ ಸಂಘ, ನಮಗೆಲ್ಲಿಯ ಟ್ಯಾಕ್ಸು?" ಹೇಳುವವರು ನಂಬಿಕೊಂಡೇ ಹೇಳುತ್ತಾರೆ. ಬಡ ಹುಡುಗರಿಗೆ ಹಾಸ್ಟೆಲು ನಡೆಸುವ ಸಂಘ, ಊರಿನ ಕಲ್ಯಾಣ ಮಂಟಪದ ಟ್ರಸ್ಟು, ಹೊಲಿಗೆ ಕಲಿಸುವ ಮಹಿಳಾ ಸಮಾಜ, ಯಕ್ಷಗಾನ ಕಲಾಸಂಘ, ಇವುಗಳ ಪದಾಧಿಕಾರಿಗಳಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ಮನೆಗೆಲಸ ಬದಿಗಿಟ್ಟು ಓಡಾಡುವವರು. ಅಂಥವರು ಬಾಯಿಂದ ಬಾಯಿಗೆ ಬಂದ ಅರ್ಧಂಬರ್ಧ ಮಾಹಿತಿಯಿಂದಾಗಿ ಸಂಸ್ಥೆಯ ಆಸ್ತಿಯನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬರಬಾರದು.

"ನೋಂದಣಿ ಆಗಿದೆ, ಅಷ್ಟೇ ಸಾಕು"

ನೋಂದಣಿ ಎರಡು ಬಗೆಯದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘವನ್ನು ನೋಂದಾಯಿಸಿದರೆ ಅಥವಾ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ಮಾಡಿಸಿದರೆ ಸಂಸ್ಥೆ ಹುಟ್ಟಿತು, ಅಷ್ಟೆ. ತೆರಿಗೆ ವಿನಾಯಿತಿ ಬೇಕಾದರೆ ಆದಾಯ ತೆರಿಗೆ ಇಲಾಖೆಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ಆಡಿಟರುಗಳು 12ಎ ಎಂದು ಕರೆಯುವುದು ಇದನ್ನೇ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾದರೂ ಜನರ ಬಾಯಲ್ಲಿ ಉಳಿದಿರುವುದು 12ಎ, ದಾನಿಗಳಿಗೆ ತೆರಿಗೆ ಕಡಿತ ಕೊಡುವ 80ಜಿ ಎಂಬ ಹಳೆಯ ಹೆಸರುಗಳೇ. ಈ ಬರಹದಲ್ಲೂ ಅವನ್ನೇ ಬಳಸುತ್ತೇನೆ. 12ಎ ನೋಂದಣಿ ಇಲ್ಲದ ಸಂಸ್ಥೆಯ ಉಳಿತಾಯಕ್ಕೆ ಬೇರೆಲ್ಲರಂತೆ ತೆರಿಗೆ ಬೀಳುತ್ತದೆ.

ಇನ್ನೂ ಹೆಚ್ಚು ಕಾಡುವುದು "ಒಮ್ಮೆ ಸಿಕ್ಕಿದ 12ಎ ಶಾಶ್ವತ" ಎಂಬ ನಂಬಿಕೆ. ಹಿಂದೆ ಅದು ನಿಜವಾಗಿತ್ತು. 1980ರ ದಶಕದಲ್ಲಿ ಬಂದ ಪತ್ರವನ್ನು ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ ಸಂಘಗಳು ಈಗಲೂ ಇವೆ. ಆ ಪತ್ರಕ್ಕೆ 2021ರ ಏಪ್ರಿಲ್‌ನಿಂದ ಬೆಲೆಯಿಲ್ಲ. ಅಲ್ಲಿಂದೀಚೆಗೆ ಎಲ್ಲ ಸಂಸ್ಥೆಗಳೂ ಮರುನೋಂದಣಿ ಮಾಡಿಸಬೇಕಾಯಿತು. ಹೊಸ ಸಂಸ್ಥೆಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹಿಂದಿನ ಎರಡು ವರ್ಷಗಳಲ್ಲೂ ಆದಾಯ 5 ಕೋಟಿ ರೂಪಾಯಿ ಮೀರದ ಸಂಸ್ಥೆಗಳಿಗೆ, 2025ರ ಏಪ್ರಿಲ್‌ನಿಂದೀಚೆಗೆ ಹಾಕಿದ ಅರ್ಜಿಗಳಲ್ಲಿ ಅವಧಿಯನ್ನು ಹತ್ತು ವರ್ಷಕ್ಕೆ ಹಿಗ್ಗಿಸಿದ್ದಾರೆ. ಸಣ್ಣ ಸಂಘಗಳಿಗೆ ಇದು ದೊಡ್ಡ ನಿರಾಳ.

ನಿಮ್ಮ ಸಂಸ್ಥೆಗೆ ಬಂದ ಆದೇಶದ ಪ್ರತಿಯನ್ನು ದಯವಿಟ್ಟು ಕೈಯಲ್ಲಿ ಹಿಡಿದು ನೋಡಿ. 2021ರ ನಂತರ ಬಂದ ಬಹಳಷ್ಟು ಆದೇಶಗಳಲ್ಲಿ ಅವಧಿಯನ್ನು "ಅಸೆಸ್‌ಮೆಂಟ್ ಇಯರ್ 2022-23ರಿಂದ 2026-27" ಎಂದು ನಮೂದಿಸಿರುತ್ತಾರೆ. ಇದನ್ನು ಓದಿದವರು 2027ರ ಮಾರ್ಚ್‌ವರೆಗೆ ಸಮಯವಿದೆ ಎಂದುಕೊಳ್ಳುವುದು ಸಹಜ. ಆದರೆ 2026-27ರ ಅಸೆಸ್‌ಮೆಂಟ್ ವರ್ಷವೆಂದರೆ 2025-26ರಲ್ಲಿ ಬಂದ ಆದಾಯದ ಲೆಕ್ಕ. ಅಂದರೆ ನೋಂದಣಿ 2026ರ ಮಾರ್ಚ್ 31ಕ್ಕೇ ಮುಗಿಯಿತು. ನವೀಕರಣದ ಅರ್ಜಿಯನ್ನು ಅದಕ್ಕೂ ಆರು ತಿಂಗಳು ಮೊದಲೇ, 2025ರ ಸೆಪ್ಟೆಂಬರ್ 30ರೊಳಗೆ ಹಾಕಬೇಕಿತ್ತು. ಒಂದು ಸಾಲನ್ನು ತಪ್ಪಾಗಿ ಓದಿದ್ದಕ್ಕೆ ಒಂದೂವರೆ ವರ್ಷದ ವ್ಯತ್ಯಾಸ. ಹೊಸ ಕಾಯ್ದೆ ಅಸೆಸ್‌ಮೆಂಟ್ ವರ್ಷ ಎಂಬುದನ್ನೇ ತೆಗೆದು "ತೆರಿಗೆ ವರ್ಷ" ಎಂಬ ಒಂದೇ ಲೆಕ್ಕ ತಂದಿರುವುದು ಒಳ್ಳೆಯದಾಯಿತು.

"ನವೀಕರಣ ತಪ್ಪಿದರೆ ಆ ವರ್ಷದ ಬಡ್ಡಿಗೆ ಒಂದಿಷ್ಟು ತೆರಿಗೆ ಕಟ್ಟಿದರಾಯಿತು"

ಎಲ್ಲಕ್ಕಿಂತ ಅಪಾಯದ ತಪ್ಪು ಕಲ್ಪನೆ ಇದು. ನಮ್ಮ ಹಳೆಯ ಸಂಘಗಳ ಸಂಪತ್ತೆಲ್ಲ ಇರುವುದು ಸೈಟು ಮತ್ತು ಕಟ್ಟಡದಲ್ಲಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಹಿರಿಯರು ಚಂದಾ ಎತ್ತಿ ಕೆಲವೇ ಸಾವಿರಕ್ಕೆ ಕೊಂಡ ನಿವೇಶನಗಳು ಈಗ ಕೋಟಿಗಟ್ಟಲೆ ಬೆಲೆ ಬಾಳುತ್ತವೆ. ಬ್ಯಾಲೆನ್ಸ್ ಶೀಟಿನಲ್ಲಿ ಮಾತ್ರ ಅವು ಹಳೆಯ ಬೆಲೆಯಲ್ಲೇ ಕೂತಿರುತ್ತವೆ.

2016ರ ಹಣಕಾಸು ಕಾಯ್ದೆ ಒಂದು ಹೊಸ ತೆರಿಗೆ ತಂದಿತು. ದತ್ತಿ ಸಂಸ್ಥೆ ತನ್ನ ದತ್ತಿ ಸ್ವರೂಪ ಕಳೆದುಕೊಂಡರೆ, ದತ್ತಿಯಲ್ಲದ ಸಂಸ್ಥೆಯ ಜೊತೆ ವಿಲೀನವಾದರೆ, ವಿಸರ್ಜನೆಯಾದ ಮೇಲೆ ಹನ್ನೆರಡು ತಿಂಗಳೊಳಗೆ ಆಸ್ತಿಯನ್ನು ಇನ್ನೊಂದು ನೋಂದಾಯಿತ ದತ್ತಿ ಸಂಸ್ಥೆಗೆ ಕೊಡದಿದ್ದರೆ, ಆ ದಿನ ಅದರ ಬಳಿ ಇದ್ದ ಒಟ್ಟು ಆಸ್ತಿಯ ಮಾರುಕಟ್ಟೆ ಬೆಲೆಯಿಂದ ಸಾಲಗಳನ್ನು ಕಳೆದು ಉಳಿಯುವ ಮೊತ್ತಕ್ಕೆ ಗರಿಷ್ಠ ದರದಲ್ಲಿ ತೆರಿಗೆ. 2023ರಲ್ಲಿ ಈ ಪಟ್ಟಿಗೆ ಇನ್ನೊಂದು ಸೇರಿತು: ನವೀಕರಣದ ಅರ್ಜಿಯನ್ನು ಗಡುವಿನೊಳಗೆ ಹಾಕದಿರುವುದು. ಅಂದರೆ ಆಸ್ತಿಯನ್ನು ಯಾರಿಗೂ ಮಾರದೆ, ಒಂದು ರೂಪಾಯಿ ದುರುಪಯೋಗ ಮಾಡದೆ, ಬರೀ ತಾರೀಕು ಮರೆತರೂ ಈ ತೆರಿಗೆಯ ಬಾಯಿಗೆ ಬೀಳಬಹುದು.

ಬೆಲೆ ಕಟ್ಟುವ ಕ್ರಮವೂ ಸಂಸ್ಥೆಗೆ ಅನುಕೂಲವಾಗಿಲ್ಲ. ಸ್ಥಿರಾಸ್ತಿಯಾದರೆ ನೋಂದಾಯಿತ ಮೌಲ್ಯಮಾಪಕರು ಹೇಳುವ ಮುಕ್ತ ಮಾರುಕಟ್ಟೆಯ ಬೆಲೆ, ಮುದ್ರಾಂಕ ಶುಲ್ಕಕ್ಕೆಂದು ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಲೆಕ್ಕಕ್ಕೆ. ಒಂದು ಉದಾಹರಣೆ ನೋಡೋಣ. ಸಂಘವೊಂದು 40 ಸಾವಿರಕ್ಕೆ ಕೊಂಡ ನಿವೇಶನ ಮತ್ತು ಅದರ ಮೇಲಿನ ಕಟ್ಟಡದ ಬೆಲೆ ಈಗ 3 ಕೋಟಿ, ಬ್ಯಾಂಕ್ ಸಾಲ 20 ಲಕ್ಷ ಎಂದಿಟ್ಟುಕೊಳ್ಳಿ. ಉಳಿದ 2 ಕೋಟಿ 80 ಲಕ್ಷಕ್ಕೆ ಶೇ 30ರಂತೆ ಹಿಡಿದರೂ, ಮೇಲ್ತೆರಿಗೆ ಮತ್ತು ಸೆಸ್ ಸೇರಿಸುವ ಮೊದಲೇ, 84 ಲಕ್ಷ. ಇದನ್ನು ಕಟ್ಟಲು ಕಾನೂನು ಕೊಡುವ ಸಮಯ ಹದಿನಾಲ್ಕು ದಿನ. ತಡವಾದರೆ ತಿಂಗಳಿಗೆ ಶೇ 1ರಂತೆ ಬಡ್ಡಿ. ಸಂಸ್ಥೆ ಕಟ್ಟದಿದ್ದರೆ ಟ್ರಸ್ಟಿಗಳನ್ನೂ ಪ್ರಧಾನ ಅಧಿಕಾರಿಯನ್ನೂ ಬಾಕಿದಾರರೆಂದು ಪರಿಗಣಿಸಲಾಗುತ್ತದೆ. ಗೌರವ ಕಾರ್ಯದರ್ಶಿಯಾಗಲು ಒಪ್ಪಿದ ನಿವೃತ್ತ ಮೇಷ್ಟ್ರಿಗೆ ಇದನ್ನು ಯಾರಾದರೂ ಮೊದಲೇ ಹೇಳಿರುತ್ತಾರೆಯೇ? ಹೇಳಬೇಕು.

ಗಡುವು ತಪ್ಪಿದವರು ಕೈಚೆಲ್ಲಿ ಕೂರಬೇಕಿಲ್ಲ. ಸಕಾರಣವಿದ್ದರೆ ಅರ್ಜಿಯ ವಿಳಂಬವನ್ನು ಮನ್ನಿಸುವ ಅಧಿಕಾರವನ್ನು 2024ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಆಯುಕ್ತರಿಗೆ ಕೊಟ್ಟಿದ್ದಾರೆ. ನೋಟಿಸು ಬರಲಿ ಎಂದು ಕಾಯುವುದಕ್ಕಿಂತ ತಾವಾಗಿಯೇ ಅರ್ಜಿ ಹಾಕಿ ಕಾರಣ ವಿವರಿಸುವುದು ಎಷ್ಟೋ ಮೇಲು.

"ನಮ್ಮ ಜನಾಂಗಕ್ಕೆ ಒಳ್ಳೆಯದು ಮಾಡುವುದೂ ಧರ್ಮಕಾರ್ಯವೇ"

ಸಮಾಜದ ಕಣ್ಣಲ್ಲಿ ಹೌದು, ತೆರಿಗೆ ಕಾನೂನಿನ ಕಣ್ಣಲ್ಲಿ ಎಲ್ಲ ಸಂದರ್ಭಗಳಲ್ಲೂ ಅಲ್ಲ. ಕರ್ನಾಟಕದ ವಿದ್ಯಾರ್ಥಿನಿಲಯಗಳ ಚರಿತ್ರೆಯೇ ಜಾತಿ ಸಂಘಗಳ ಚರಿತ್ರೆ. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಆದರೆ 1962ರ ಏಪ್ರಿಲ್ 1ರ ನಂತರ ಒಂದು ನಿರ್ದಿಷ್ಟ ಜಾತಿಯ ಅಥವಾ ಧಾರ್ಮಿಕ ಸಮುದಾಯದ ಪ್ರಯೋಜನಕ್ಕೆಂದೇ ಸ್ಥಾಪನೆಯಾದ ದತ್ತಿ ಸಂಸ್ಥೆಗೆ ವಿನಾಯಿತಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಸಂಸ್ಥೆಗಳಿಗೆ ಈ ನಿರ್ಬಂಧವಿಲ್ಲ. ಬೈಲಾ ಬರೆಯುವಾಗ ಉದ್ದೇಶಗಳ ಪುಟಕ್ಕೆ ಬೇರೆ ಸಂಘದ ಪ್ರತಿಯಿಂದ ನಕಲು ಮಾಡುವವರು ಈ ಒಂದು ವಿಷಯವನ್ನು ಆಡಿಟರ ಹತ್ತಿರ ಕೇಳಿಯೇ ಮುಂದುವರಿಯಲಿ.

"ದುಡ್ಡು ಬ್ಯಾಂಕಿನಲ್ಲೇ ಇದೆಯಲ್ಲ"

ಇರುವುದೇ ತೊಂದರೆ. ನೋಂದಾಯಿತ ಸಂಸ್ಥೆ ಆಯಾ ವರ್ಷದ ಆದಾಯದ ಶೇ 85ರಷ್ಟನ್ನು ತನ್ನ ಉದ್ದೇಶಕ್ಕೆ ಖರ್ಚು ಮಾಡಬೇಕು. ಶೇ 15 ಉಳಿಸಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. ಅದಕ್ಕಿಂತ ಹೆಚ್ಚು ಉಳಿಸಬೇಕೆಂದರೆ, ಉದಾಹರಣೆಗೆ ಹಾಸ್ಟೆಲಿನ ಎರಡನೇ ಮಹಡಿಗೆ, ಆ ಉದ್ದೇಶವನ್ನು ಸ್ಪಷ್ಟವಾಗಿ ನಮೂದಿಸಿದ ಅರ್ಜಿಯನ್ನು ಗಡುವಿನೊಳಗೆ ಸಲ್ಲಿಸಿ ಐದು ವರ್ಷದವರೆಗೆ ಕೂಡಿಡಬಹುದು. "ಸಂಘದ ಉದ್ದೇಶಗಳಿಗಾಗಿ" ಎಂದು ಅಸ್ಪಷ್ಟವಾಗಿ ಬರೆದರೆ ತಕರಾರು ಖಂಡಿತ. ಕಟ್ಟಡಕ್ಕೆ ಹಾಕಿದ ಹಣ ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಹೆದರುವವರಿದ್ದಾರೆ. ಅದು ಪೂರ್ತಿಯಾಗಿ ಬರುತ್ತದೆ. ಆಮೇಲೆ ಅದೇ ಕಟ್ಟಡಕ್ಕೆ ಸವಕಳಿ ಹಿಡಿಯುವಂತಿಲ್ಲ, ಅಷ್ಟೆ. ಬಾರದೇ ಇರುವುದು ಬೇರೆ: ಒಬ್ಬರಿಗೆ ಒಂದು ದಿನದಲ್ಲಿ 10 ಸಾವಿರ ರೂಪಾಯಿ ಮೀರಿ ನಗದಾಗಿ ಕೊಟ್ಟದ್ದು. ಅಡುಗೆ ಭಟ್ಟರಿಗೂ ಶಾಮಿಯಾನದವರಿಗೂ ಚೆಕ್ ಇಲ್ಲವೇ ಯುಪಿಐ ಮೂಲಕ ಕೊಡುವ ಅಭ್ಯಾಸವನ್ನು ಇವತ್ತೇ ಮಾಡಿಕೊಳ್ಳಿ.

ಉಳಿದ ಹಣವನ್ನು ಇಡುವ ಜಾಗವನ್ನೂ ಕಾನೂನೇ ಹೇಳುತ್ತದೆ. ಬ್ಯಾಂಕ್ ಠೇವಣಿ, ಅಂಚೆ ಕಚೇರಿ ಉಳಿತಾಯ, ಸರ್ಕಾರಿ ಸಾಲಪತ್ರಗಳು, ಸ್ಥಿರಾಸ್ತಿ ಆದೀತು. ಹೆಚ್ಚು ಬಡ್ಡಿಯ ಆಸೆಗೆ ಚೀಟಿಗೆ ಹಾಕುವುದಾಗಲಿ, ಅಧ್ಯಕ್ಷರ ಅಳಿಯನ ವ್ಯಾಪಾರಕ್ಕೆ ಕೈಗಡ ಕೊಡುವುದಾಗಲಿ ವಿನಾಯಿತಿಗೆ ಕುತ್ತು. ದಾನಿಗಳು ಇಡಗಂಟಿಗೆಂದು ಕೊಟ್ಟ ಹಣಕ್ಕೂ ಇದೇ ನಿಯಮ. ಅದು ಇಡಗಂಟು ಎನ್ನಿಸಿಕೊಳ್ಳಲು ದಾನಿಯ ಲಿಖಿತ ಸೂಚನೆ ಫೈಲಿನಲ್ಲಿರಬೇಕು.

"ಕಲ್ಯಾಣ ಮಂಟಪ ಟ್ರಸ್ಟಿನದು, ಜಿಎಸ್‌ಟಿ ಬರುವುದಿಲ್ಲ"

ದತ್ತಿ ಸಂಸ್ಥೆಗೆ ಜಿಎಸ್‌ಟಿಯಲ್ಲಿ ಸಾರಾಸಗಟು ವಿನಾಯಿತಿ ಇಲ್ಲ. ಧಾರ್ಮಿಕ ಬೋಧನೆ, ಯೋಗ, ಅನಾಥ ಮಕ್ಕಳ ಶಿಕ್ಷಣ, ಪರಿಸರ ರಕ್ಷಣೆಯಂಥ ಕೆಲವು ಕೆಲಸಗಳಿಗೆ ಮಾತ್ರ ಇದೆ. 12ಎ ಇರುವ ಸಂಸ್ಥೆಯು ಸಾರ್ವಜನಿಕರಿಗೆ ತೆರೆದ ದೇವಸ್ಥಾನದ ಆವರಣದಲ್ಲಿ ಮಂಟಪ ನಡೆಸುತ್ತಿದ್ದು, ದಿನದ ಬಾಡಿಗೆ 10 ಸಾವಿರಕ್ಕಿಂತ ಕಡಿಮೆ ಇದ್ದರೆ ತೆರಿಗೆಯಿಲ್ಲ. 10 ಸಾವಿರ ಮುಟ್ಟಿದರೆ ಇದೆ. ಕೋಣೆಗೆ ಈ ಮಿತಿ ದಿನಕ್ಕೆ ಸಾವಿರ ರೂಪಾಯಿ, ಅಂಗಡಿ ಮಳಿಗೆಗೆ ತಿಂಗಳಿಗೆ 10 ಸಾವಿರ. ದೇವಸ್ಥಾನಕ್ಕೆ ಸೇರದ ಸಮುದಾಯ ಭವನಕ್ಕೆ ಈ ರಿಯಾಯಿತಿ ಅನ್ವಯಿಸದು. ಅಲ್ಲಿ ಸಂಸ್ಥೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟಿತೆಂದರೆ ಜಿಎಸ್‌ಟಿ ನೋಂದಣಿ ಮಾಡಿಸಿ ಬಾಡಿಗೆಗೆ ಶೇ 18 ಸೇರಿಸಬೇಕು.

ದೇಣಿಗೆಯ ವಿಷಯದಲ್ಲಿ ಅನಗತ್ಯ ಭಯವೂ ಇದೆ. ಸಭಾಂಗಣದ ಫ್ಯಾನಿನ ಮೇಲೆ, ಕಲ್ಲಿನ ಬೆಂಚಿನ ಮೇಲೆ ದಾನಿಯ ಹೆಸರು ಬರೆಸಿದರೆ ಅದು ಜಾಹೀರಾತು ಸೇವೆಯಾಗಿ ಜಿಎಸ್‌ಟಿ ಬೀಳುತ್ತದೆಯೇ ಎಂದು ಕೇಳುತ್ತಾರೆ. ಕೃತಜ್ಞತೆಗೆ ಹೆಸರು ಹಾಕಿದ್ದು, ದಾನಿಯ ವ್ಯಾಪಾರದ ಪ್ರಚಾರ ಅದರಲ್ಲಿ ಇಲ್ಲದಿದ್ದರೆ ತೆರಿಗೆ ಇಲ್ಲವೆಂದು 2019ರ ಅಕ್ಟೋಬರ್‌ನ ಸುತ್ತೋಲೆ ಸ್ಪಷ್ಟಪಡಿಸಿದೆ.

"80ಜಿ ರಸೀದಿ ಇದ್ದರೆ ಕೊಟ್ಟದ್ದೆಲ್ಲ ವಾಪಸ್"

ಸಾಮಾನ್ಯ ದತ್ತಿ ಸಂಸ್ಥೆಗೆ ಕೊಟ್ಟದ್ದರಲ್ಲಿ ಅರ್ಧದಷ್ಟು ಮಾತ್ರ ಆದಾಯದಿಂದ ಕಳೆಯಬಹುದು, ಅದಕ್ಕೂ ಆದಾಯದ ಶೇ 10ರ ಮಿತಿ ಇದೆ. 2 ಸಾವಿರ ರೂಪಾಯಿ ಮೀರಿದ ನಗದು ದಾನಕ್ಕೆ ಕಡಿತವಿಲ್ಲ. ಅಕ್ಕಿ ಮೂಟೆ, ಪುಸ್ತಕ, ಬಟ್ಟೆಗೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ದಾನಿಗೆ ಏನೂ ಸಿಗುವುದಿಲ್ಲ. ಬೇಡವೆಂದು ಹೇಳದ ಹೊರತು 2023-24ರಿಂದ ಎಲ್ಲರೂ ಆ ಪದ್ಧತಿಯಲ್ಲೇ ಇರುತ್ತಾರೆ. ದಾನಿಯ ಕೈಯಲ್ಲಿರುವ ರಸೀದಿಯೊಂದೇ ಈಗ ಸಾಲದು. ಸಂಸ್ಥೆ ಪ್ರತಿ ವರ್ಷ ಮೇ 31ರೊಳಗೆ ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ, ಅಲ್ಲಿಂದ ಬರುವ ಪ್ರಮಾಣಪತ್ರ ಕೊಡಬೇಕು. ತಡವಾದ ಪ್ರತಿ ದಿನಕ್ಕೆ 200 ರೂಪಾಯಿ ಶುಲ್ಕ.

"ಸದಸ್ಯರ ದುಡ್ಡಿಗೆ ಯಾವ ತೆರಿಗೆ?"

ಕ್ಲಬ್ಬುಗಳೂ ಅಪಾರ್ಟ್‌ಮೆಂಟ್ ಸಂಘಗಳೂ ಹೇಳುವ ಮಾತಿದು. ಸದಸ್ಯರು ಕೊಟ್ಟು ಸದಸ್ಯರೇ ಅನುಭವಿಸಿದ ಹಣಕ್ಕೆ ಆದಾಯ ತೆರಿಗೆ ಇಲ್ಲ ಎಂಬುದು ಸರಿ. ಆದರೆ ಅದೇ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಂದ ಬಡ್ಡಿ ಬೇರೆ. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಬ್ಯಾಂಕುಗಳೇ ಕ್ಲಬ್ಬಿನ ಸದಸ್ಯರಾಗಿದ್ದರೂ ಆ ಬಡ್ಡಿಗೆ ತೆರಿಗೆ ಇದೆ ಎಂದಿತು.

"ಪದಾಧಿಕಾರಿಗಳು ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ"

ಎಲ್ಲ ನಂಬಿಕೆಗಳೂ ಸಂಸ್ಥೆಗೆ ಲಾಭದ ಕಡೆ ವಾಲಿಲ್ಲ. ಟ್ರಸ್ಟಿಯಾಗಿರುವ ವೈದ್ಯೆ ಟ್ರಸ್ಟಿನ ಆಸ್ಪತ್ರೆಯಲ್ಲಿ ದಿನವಿಡೀ ದುಡಿದರೂ ಸಂಬಳ ಪಡೆಯಲು ಹೆದರುತ್ತಾರೆ. ಕಾನೂನು ತಡೆಯುವುದು ಟ್ರಸ್ಟಿಗಳಿಗೂ ಅವರ ಬಂಧುಗಳಿಗೂ ಅತಿಯಾದ ಅಥವಾ ಪುಕ್ಕಟೆ ಲಾಭ ಹೋಗುವುದನ್ನು. ಮಾಡಿದ ಕೆಲಸಕ್ಕೆ ನ್ಯಾಯವಾದ ಸಂಬಳ ಕೊಡಲು ಅಡ್ಡಿಯಿಲ್ಲ. ಟ್ರಸ್ಟ್ ಡೀಡಿನಲ್ಲಿ ಅದಕ್ಕೆ ಅವಕಾಶವಿದೆಯೇ ನೋಡಿಕೊಳ್ಳಿ. ಹೊರಗಿನವರನ್ನು ಅದೇ ಕೆಲಸಕ್ಕೆ ಇಟ್ಟುಕೊಂಡಿದ್ದರೆ ಎಷ್ಟು ಕೊಡಬೇಕಾಗುತ್ತಿತ್ತು ಎಂಬ ಲೆಕ್ಕದೊಂದಿಗೆ ಸಭೆಯ ನಡಾವಳಿಯಲ್ಲಿ ಠರಾವು ಬರೆಸಿ, ಆ ಠರಾವಿನ ಚರ್ಚೆಯಲ್ಲಿ ಆ ವೈದ್ಯೆ ಭಾಗವಹಿಸದಿರಲಿ. ಸಂಬಳವನ್ನು ಬ್ಯಾಂಕ್ ಮೂಲಕ, ಬೇಕಾದಲ್ಲಿ ಟಿಡಿಎಸ್ ಮುರಿದುಕೊಂಡು ಕೊಡಿ.